ಮಂಗರವಳ್ಳಿ: ಮೂಳೆ ಕೂಡುವುದು ಕ್ಯಾಲ್ಸಿಯಂನಿಂದಲೇನಾ?

ಮಂಗರವಳ್ಳಿ ಬಗ್ಗೆ ಪ್ರಶ್ನೆ ಬಂದರೆ "ಕ್ಯಾಲ್ಸಿಯಂ ಜಾಸ್ತಿ ಇದೆ, ಅದಕ್ಕೇ ಮುರಿದ ಮೂಳೆ ಕೂಡುತ್ತೆ" ಅಂತ ಬರೆದು ಮುಗಿಸುವವರೇ ಹೆಚ್ಚು. ಅಷ್ಟು ಸಾಲದು.

ಮೊದಲು ಗುರುತು. ವೈಜ್ಞಾನಿಕ ಹೆಸರು ಸಿಸ್ಸಸ್ ಕ್ವಾಡ್ರಾಂಗ್ಯುಲಾರಿಸ್, ದ್ರಾಕ್ಷಿ ಕುಟುಂಬದ ಬಳ್ಳಿ. ಸಂದುಬಳ್ಳಿ ಅಂತಲೂ ಕರೆಯುತ್ತಾರೆ. ರಸ ತುಂಬಿದ ನಾಲ್ಕು ಮೂಲೆಯ ಹಸಿರು ಕಾಂಡ, ಗೆಣ್ಣಿನ ಹತ್ತಿರ ಕಿರಿದು. ಎಲೆಗಳು ಎಳೆ ತುದಿಯಲ್ಲಷ್ಟೇ ಇರುತ್ತವೆ, ಬೇಗ ಉದುರುತ್ತವೆ. ಹಾಗಾಗಿ ಗಿಡದ ಆಹಾರ ತಯಾರಿಕೆ, ಅಂದರೆ ದ್ಯುತಿಸಂಶ್ಲೇಷಣೆ, ಬಹುಪಾಲು ಕಾಂಡದ ಕೆಲಸ. ಕಾಂಡ ರಾತ್ರಿ ಇಂಗಾಲದ ಡೈಆಕ್ಸೈಡ್ ಹೀರಿ ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತದೆ, ಹಗಲು ಬಳಸುತ್ತದೆ. ಇದೇ ಸಿಎಎಂ ವಿಧಾನ. ಎಲೆಯದು ಮಾತ್ರ ಮಾಮೂಲಿ ಸಿ3 ವಿಧಾನ, ಅಂದರೆ ಹಗಲಲ್ಲೇ ಹೀರಿ ಆಗಲೇ ಬಳಸುವುದು. ಒಂದೇ ಗಿಡದಲ್ಲಿ ಎರಡೂ! ಬೆಳಗ್ಗೆ ಕೊಯ್ದ ಕಾಂಡದಲ್ಲಿ ಹುಳಿ ಜಾಸ್ತಿ, ಸಂಜೆಗೆ ಕಡಿಮೆ. ಪ್ರಯೋಗ ಮಾಡುವವರು ಕೊಯ್ದ ಹೊತ್ತನ್ನು ಬರೆದಿಡಿ.

ಮನೆಮದ್ದಿನಲ್ಲಿ ಮುರಿದ ಮೂಳೆಗೆ ಕಾಂಡ ಅರೆದು ಪಟ್ಟು ಹಾಕುತ್ತಾರೆ. ಆಯುರ್ವೇದದಲ್ಲಿ ಇದು ಅಸ್ಥಿಸಂಹಾರ, ಅಂದರೆ ಮೂಳೆ ಕೂಡಿಸುವುದು; ಲಾಕ್ಷಾದಿ ಗುಗ್ಗುಲು ಎಂಬ ಮೂಳೆಯ ಔಷಧಿಗೆ ಬೀಳುತ್ತದೆ. ಅಜೀರ್ಣ, ಮೂಲವ್ಯಾಧಿಗೂ ಬಳಕೆ ಇದೆ.

ಇನ್ನು ಚಟ್ನಿ. ಕೈಗೆ ಎಣ್ಣೆ ಸವರಿಕೊಂಡು, ಎಳೆ ಕಾಂಡದ ಗೆಣ್ಣು ಮತ್ತು ಅಂಚಿನ ನಾರು ತೆಗೆದು, ಎಣ್ಣೆಯಲ್ಲಿ ಚೆನ್ನಾಗಿ ಹುರಿದು, ಹುಣಸೆಹಣ್ಣು ಹಾಕಿ ರುಬ್ಬುತ್ತಾರೆ. ಸುಮ್ನೆ ಹಸಿಯಾಗಿ ಕಚ್ಚಿದರೆ ನಾಲಿಗೆ, ಗಂಟಲೆಲ್ಲ ತುರಿಕೆ. ಕಾರಣ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು, ಅಂದರೆ ರಾಫೈಡ್‌ಗಳು. ಎಳೆ ಕಾಂಡವನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿ, ಕಂತೆ ಕಂತೆಯಾಗಿ ಕಾಣುತ್ತವೆ.

ಇಲ್ಲೇ ಕ್ಯಾಲ್ಸಿಯಂ ವಾದ ಸಡಿಲವಾಗುವುದು. ಆಕ್ಸಲೇಟ್ ಜೊತೆ ಕಟ್ಟಿಕೊಂಡ ಕ್ಯಾಲ್ಸಿಯಂ ನೀರಲ್ಲಿ ಕರಗುವುದೇ ಕಷ್ಟ, ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಗಿಡದಲ್ಲಿ ಇದ್ದ ಮಾತ್ರಕ್ಕೆ ಮೂಳೆಗೆ ಸಿಗುವುದಿಲ್ಲ, ಅಲ್ವಾ?

ಹಾಗಾದರೆ ಇನ್ನೇನಿದೆ? 1960ರ ದಶಕದಲ್ಲಿ ಶಸ್ತ್ರವೈದ್ಯ ಕೆ.ಎನ್. ಉಡುಪ, ನಮ್ಮ ಕರಾವಳಿಯವರು, ಜಿ. ಪ್ರಸಾದ್ ಜೊತೆ ಬನಾರಸ್‌ನಲ್ಲಿ ಮೂಳೆ ಮುರಿದ ಪ್ರಾಣಿಗಳ ಮೇಲೆ ಇದನ್ನು ಪರೀಕ್ಷಿಸಿದರು. ವಿಕಿರಣಶೀಲ ಕ್ಯಾಲ್ಸಿಯಂ-45 ಕೊಟ್ಟು ಅದು ಮೂಳೆ ಸೇರುವುದನ್ನು ಅಳೆದರು. ಮೂಳೆ ಬೇಗ ಕೂಡುತ್ತದೆ ಎಂದು 1964ರಲ್ಲಿ ಪ್ರಕಟಿಸಿದರು. ಈ ಪ್ರಶ್ನೆಗೆ ಇದಕ್ಕಿಂತ ನೇರವಾದ ವಿಧಾನ ಇರಲಾರದು ಎಂದು ನನಗನಿಸುತ್ತದೆ.

ಕಾಂಡದಲ್ಲಿ ಬೀಟಾ-ಸಿಟೋಸ್ಟೆರಾಲ್, ಟ್ರೈಟರ್ಪೀನ್‌ಗಳು, ಕ್ವೆರ್ಸೆಟಿನ್ ಎಂಬ ಸಸ್ಯ ರಾಸಾಯನಿಕಗಳು, ವಿಟಮಿನ್ ಸಿ ಇವೆ. ದ್ರಾಕ್ಷಿಯಲ್ಲಿರುವ ರೆಸ್ವೆರಟ್ರಾಲ್, ಅದರ ಬಂಧುಗಳಾದ ಕ್ವಾಡ್ರಾಂಗ್ಯುಲಾರಿನ್‌ಗಳೂ ಇವೆ. ಇವುಗಳಲ್ಲಿ ಒಂದನ್ನೇ ಆರಿಸಿ "ಇದೇ ಔಷಧ" ಅಂತ ಬರೆಯಬೇಡಿ. ಕಿಡ್ನಿ ಕಲ್ಲಿನ ತೊಂದರೆ ಇದ್ದವರು ಆಕ್ಸಲೇಟ್ ನೆನಪಿಟ್ಟುಕೊಂಡು ವೈದ್ಯರನ್ನು ಕೇಳಿಯೇ ತಿನ್ನಬೇಕು.