ವಜ್ರದಲ್ಲಿ ನಾಯಿ ಎಷ್ಟಿರುತ್ತದೆ?

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಒಂದು ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ. ಅದರ ಮೇಲೆ ಒಂದು ನಾಯಿ, ಒಂದು ಕಾಡುಹಂದಿ, ಎರಡೂ ಸೆಣಸುತ್ತಿವೆ. ಸುತ್ತ ಹಳಗನ್ನಡದ ಬರಹ. ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧ, ಅಲ್ಲಿ ಸತ್ತ ಚೋಳ ರಾಜಕುಮಾರ ರಾಜಾದಿತ್ಯ, ರಾಷ್ಟ್ರಕೂಟರ ಮೂರನೇ ಕೃಷ್ಣ, ಗಂಗರ ಇಮ್ಮಡಿ ಬೂತುಗ ಎಲ್ಲರೂ ಅದರಲ್ಲಿ ಬರುತ್ತಾರೆ, ಹಾಗಾಗಿ ಇತಿಹಾಸ ಓದುವವರು ಆ ಕಲ್ಲನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಆದರೆ ಕಲ್ಲು ನೆಟ್ಟಿದ್ದು ನಾಯಿಗೆ. ಹೆಸರು ಕಾಳಿ.

ಯುದ್ಧದಲ್ಲಿ ಚೆನ್ನಾಗಿ ಕಾದಿದ ಮಣಲೆರ ಎಂಬ ವೀರನಿಗೆ ಬೂತುಗ "ಏನು ಬೇಕೋ ಕೇಳು" ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಈ ಪುಣ್ಯಾತ್ಮ ಕೇಳಿದ್ದು ಕಾಳಿಯನ್ನು. ಆಮೇಲೆ ಬೆಳತೂರಿನ ಪಡುವಣ ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಅದನ್ನು ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಂತಿತು, ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟರು. ಗುಡಿಯ ಗೊರವ, ಅಂದರೆ ಅರ್ಚಕ, ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೇ ಸುತ್ತಿಕೊಳ್ಳುತ್ತದೆ ಎಂದೂ ಬರೆಸಿದ್ದಾರೆ!

ಗಮನಿಸಿ, ಕಲ್ಲಿನಲ್ಲಿ ಕಾಳಿಯ ದೇಹದ ಒಂದು ಕೂದಲೂ ಇಲ್ಲ. ಆದರೂ ಹೆಸರು ಇದೆ, ಯಾರ ಮನೆಯಿಂದ ಯಾರ ಮನೆಗೆ ಬಂತು ಎನ್ನುವುದಿದೆ, ಎಲ್ಲಿ, ಹೇಗೆ ಸತ್ತಿತು ಎನ್ನುವುದಿದೆ. ಈಗ ಸಾಕಿದ ಪ್ರಾಣಿ ಸತ್ತರೆ ನೆನಪಿಗೆ ಏನೇನೋ ಮಾಡಿಕೊಡುವವರಿದ್ದಾರೆ. ಬೂದಿಯಿಂದ ವಜ್ರ, ಬೂದಿ ಬೆರೆಸಿದ ಗಾಜಿನ ಮಣಿ, ಬೂದಿಯಲ್ಲಿ ಗಿಡ, ಕಡೆಗೆ ಅದೇ ನಾಯಿಯ ತದ್ರೂಪಿ, ಅಂದರೆ ಕ್ಲೋನ್. ಬೆಲೆ ನೋಡಿ ಬೆಚ್ಚಿಬೀಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದರಲ್ಲಿ ನಮ್ಮ ನಾಯಿ ಎಷ್ಟಿದೆ? ಇದು ಬರೀ ಭಾವನೆಯ ಪ್ರಶ್ನೆ ಅಂದುಕೊಳ್ಳಬೇಡಿ. ರಸಾಯನಶಾಸ್ತ್ರದಲ್ಲಿ ಇದಕ್ಕೆ ಸಾಕಷ್ಟು ನೇರವಾದ ಉತ್ತರವಿದೆ.

ಮೊದಲು ಬೂದಿ. ಚಿತಾಗಾರದ ಬೆಂಕಿಯಲ್ಲಿ ನೀರು ಆವಿಯಾಗುತ್ತದೆ. ಮಾಂಸ, ಕೊಬ್ಬು, ಚರ್ಮ, ಕೂದಲು ಎಲ್ಲದರಲ್ಲಿದ್ದ ಇಂಗಾಲ ಅನಿಲವಾಗಿ ಚಿಮಣಿಯಿಂದ ಹೊರಗೆ ಹೋಗುತ್ತದೆ. ಡಿಎನ್‌ಎ ಕೂಡ ಉಳಿಯುವುದಿಲ್ಲ ಎಂದೇ ಹೇಳಬೇಕು. ನಿಮ್ಮ ಕೈಗೆ ಕೊಡುವ ಮಡಕೆಯಲ್ಲಿರುವುದು ಮೂಳೆಯ ಖನಿಜ, ಅದರಲ್ಲೂ ಬಹುಪಾಲು ಕ್ಯಾಲ್ಸಿಯಂ ಫಾಸ್ಫೇಟ್. 20 ಕಿಲೋ ತೂಗುವ ನಾಯಿ ಸುಟ್ಟರೆ ಮುಕ್ಕಾಲು ಕಿಲೋ ಸಿಕ್ಕರೆ ಜಾಸ್ತಿ. ಬೆರೆಸಿಟ್ಟರೆ ಯಾವುದು ಯಾರ ಮನೆಯ ನಾಯಿಯ ಬೂದಿ ಎಂದು ಲ್ಯಾಬಿನವರಿಗೂ ಹೇಳಲು ಬರುವುದಿಲ್ಲ.

ಈ ಬೂದಿಯಲ್ಲಿ ಗಿಡ ನೆಡುವ ಆಸೆ ಬಹಳ ಜನರಿಗೆ. ಕೇಳಲು ಚೆಂದ, ಗಿಡಕ್ಕೆ ಮಾತ್ರ ಕಷ್ಟ. ಚಿತೆಯ ಬೂದಿ ತುಂಬ ಕ್ಷಾರ, ಸುಣ್ಣದ ನೀರಿನ ಹತ್ತಿರಕ್ಕೆ ಹೋಗುವಷ್ಟು. ಜೊತೆಗೆ ಉಪ್ಪಿನ ಅಂಶ ಬೇರೆ. ಬೇರಿಗೆ ನೀರು ಎಳೆಯುವುದಕ್ಕೇ ಆಗುವುದಿಲ್ಲ. ಬೂದಿಯ ಫಾಸ್ಫೇಟಿನಲ್ಲಿ ರಂಜಕ (ಫಾಸ್ಫರಸ್) ಇದೆಯಲ್ಲ, ಅದು ಗೊಬ್ಬರ ಅಲ್ವಾ ಎಂದು ಕೇಳಬಹುದು. ಇದೆ, ಆದರೆ ಕ್ಯಾಲ್ಸಿಯಂ ಜೊತೆ ಬಿಗಿಯಾಗಿ ಕೂತಿರುತ್ತದೆ, ಗಿಡಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಮಾಡಲೇಬೇಕು ಅಂದರೆ ಒಂದೆರಡು ಚಮಚ ಬೂದಿಯನ್ನು ದೊಡ್ಡ ಕುಂಡದ ಮಣ್ಣು ಮತ್ತು ಕಾಂಪೋಸ್ಟಿಗೆ ಬೆರೆಸಿ, ಒಂದಷ್ಟು ವಾರ ನೀರು ಹಾಕುತ್ತಾ ಬಿಟ್ಟು, ಆಮೇಲೆ ಗಿಡ ನೆಡಿ. ಉಳಿದ ಬೂದಿಯನ್ನು ಹಾಗೇ ಇಟ್ಟುಕೊಳ್ಳಿ.

ನಮ್ಮ ಕರಾವಳಿ, ಮಲೆನಾಡಿನ ಕಡೆ ಇದಕ್ಕಿಂತ ಹಳೆಯ ದಾರಿ ಇದೆ. ನಾಯಿ ಸತ್ತರೆ ತೆಂಗಿನ ಬುಡದಲ್ಲಿ ಹೂಳುವುದು. ವಿಜ್ಞಾನದ ಲೆಕ್ಕದಲ್ಲಿ ಬೂದಿಗಿಂತ ಇದು ನೂರು ಪಾಲು ವಾಸಿ, ಯಾಕೆಂದರೆ ಬೆಂಕಿ ಹೊಗೆಯಲ್ಲಿ ಕಳಿಸಿಬಿಡುವ ಸಾರಜನಕ ಇಲ್ಲಿ ಮಣ್ಣಿಗೆ ಸೇರಿ, ಸೂಕ್ಷ್ಮಜೀವಿಗಳ ಕೈಯಲ್ಲಿ ಮುರಿದು, ನಿಧಾನವಾಗಿ ಬೇರಿಗೆ ಹೋಗುತ್ತದೆ. ಇದು ಊಹೆಯ ಮಾತಲ್ಲ. ಉತ್ತರ ಅಮೆರಿಕದ ಪೆಸಿಫಿಕ್ ದಂಡೆಯಲ್ಲಿ ಕರಡಿಗಳು ಹೊಳೆಯಿಂದ ಎಳೆದು ತಂದು ತಿಂದು ಬಿಟ್ಟ ಸಾಲ್ಮನ್ ಮೀನಿನ ಸಾರಜನಕವನ್ನು ಹೊಳೆ ಪಕ್ಕದ ಮರಗಳಲ್ಲಿ ಅಳೆದು ತೋರಿಸಿದ್ದಾರೆ. ಸಮುದ್ರದ ಸಾರಜನಕದಲ್ಲಿ ಸ್ವಲ್ಪ ಭಾರದ ಪರಮಾಣುಗಳು ಜಾಸ್ತಿ, ಅದರಿಂದ ಗುರುತು ಸಿಗುತ್ತದೆ. ಅಂದಮೇಲೆ ತೆಂಗಿನ ಗರಿಯಲ್ಲಿ ನಿಮ್ಮ ನಾಯಿ ಇದೆ ಎಂದು ಅಜ್ಜಿ ಹೇಳಿದರೆ ನಗಬೇಡಿ.

ಹೂಳುವವರಿಗೆ ಎರಡು ಮಾತು. ಗುಂಡಿ ಕಡಿಮೆ ಎಂದರೂ ಮೂರು ಅಡಿ ಇರಲಿ, ಬಾವಿಯಿಂದ ದೂರ ಇರಲಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ, ಹಳೆಯ ಹತ್ತಿ ಪಂಚೆ ಸಾಕು. ಎಳೆಯ ಸಸಿಯ ಬುಡಕ್ಕೆ ಬೇಡ, ಕೊಳೆಯುವಾಗ ಬರುವ ಅಮೋನಿಯಾಕ್ಕೆ ಬೇರು ಸುಡುತ್ತದೆ. ಇನ್ನೊಂದು ಗಂಭೀರ ವಿಷಯ: ಡಾಕ್ಟರು ನೋವಿಲ್ಲದೆ ಸಾಯಲು ಇಂಜೆಕ್ಷನ್ ಕೊಟ್ಟಿದ್ದು ಪೆಂಟೋಬಾರ್ಬಿಟಲ್ ಆಗಿದ್ದರೆ, ಆ ಔಷಧಿ ದೇಹದಲ್ಲೂ ಮಣ್ಣಲ್ಲೂ ಬಹುಕಾಲ ಉಳಿಯುತ್ತದೆ. ಬೀದಿನಾಯಿ, ನರಿ, ಹದ್ದು ಕೆದಕಿ ತಿಂದರೆ ಅವೂ ಸಾಯುತ್ತವೆ. ಅಂಥಾ ಸಂದರ್ಭದಲ್ಲಿ ಸುಡುವುದೇ ಒಳ್ಳೆಯದು.

ಇನ್ನು ವಜ್ರ. ವಜ್ರ ಅಂದರೆ ಇಂಗಾಲ ಅಷ್ಟೇ. ಬೂದಿಯಲ್ಲಿ ಇಂಗಾಲವೇ ಹೆಚ್ಚು ಕಡಿಮೆ ಖಾಲಿ ಎಂದು ಈಗಷ್ಟೇ ನೋಡಿದೆವು. ಹಾಗಾಗಿ ಬೂದಿಯಲ್ಲಿ ಅಳಿದುಳಿದಿದ್ದನ್ನು ಹೆಕ್ಕಬೇಕು, ಸಾಲದಿದ್ದರೆ ಕೂದಲು ಕೇಳಬೇಕು, ಇಲ್ಲವೇ ಹೊರಗಿನ ಇಂಗಾಲ ಸೇರಿಸಬೇಕು. ಅದನ್ನು ಗ್ರಾಫೈಟ್ ಮಾಡಿ, 1,300 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಶಾಖದಲ್ಲಿ, ನಮ್ಮ ಸುತ್ತಲಿನ ಗಾಳಿಯ ಒತ್ತಡದ ಐವತ್ತು ಸಾವಿರ ಪಟ್ಟಿಗೂ ಮೀರಿ ಒತ್ತಿ, ಕರಗಿದ ಲೋಹದ ಮೂಲಕ ಬೀಜವಾಗಿ ಇಟ್ಟ ಸಣ್ಣ ವಜ್ರದ ಹರಳಿನ ಮೇಲೆ ಪದರ ಪದರವಾಗಿ ಕೂರಿಸುತ್ತಾರೆ. ಎಂಜಿನಿಯರಿಂಗ್ ಅದ್ಭುತ, ಒಪ್ಪುತ್ತೇನೆ. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ, ಅಷ್ಟು ಇಂಗಾಲ ಒಂದು ಚಿಟಿಕೆ ಕೂದಲಿನಲ್ಲೇ ಇರುತ್ತದೆ. ಆದರೆ ಹರಳಿಗೆ ಸೇರಿದ ಮೇಲೆ ಆ ಪರಮಾಣುಗಳಿಗೆ ನಾಯಿಯ ಗುರುತೇನೂ ಇರುವುದಿಲ್ಲ. ನನ್ನನ್ನು ಕೇಳಿದರೆ, ಆ ಚಿಟಿಕೆ ಕೂದಲನ್ನು ಕೂದಲಾಗಿಯೇ ಇಟ್ಟುಕೊಳ್ಳುವವನೇ ಜಾಣ.

ಯಾಕೆ ಅಂದರೆ ಕೂದಲು ಒಂಥರಾ ದಿನಚರಿ. ಅದು ಕೆರಾಟಿನ್ ಎಂಬ ಪ್ರೋಟೀನು. ಬೆಳೆಯುವಾಗ ನಾಯಿ ಏನು ತಿಂದಿತ್ತೋ ಅದರ ಗುರುತು ಎಳೆಯಲ್ಲಿ ಕೂತುಬಿಡುತ್ತದೆ, ಮತ್ತೆ ಬದಲಾಗುವುದಿಲ್ಲ. ರಾಗಿ, ಜೋಳ, ಮೆಕ್ಕೆಜೋಳ, ಕಬ್ಬು ಇವೆಲ್ಲ ಬಿಸಿಲಿನಲ್ಲಿ ಆಹಾರ ತಯಾರಿಸುವ ರೀತಿ ಒಂದು, ಅಕ್ಕಿ, ಗೋಧಿಯದು ಇನ್ನೊಂದು. ಇದರಿಂದ ರಾಗಿಯಲ್ಲಿ ಇಂಗಾಲ-13 ಎಂಬ ಸ್ವಲ್ಪ ಭಾರದ ಇಂಗಾಲದ ಪಾಲು ಅಕ್ಕಿಗಿಂತ ತುಸು ಜಾಸ್ತಿ. ಅದು ತಿಂದವರ ಮೈಗೂ ಬರುತ್ತದೆ. ಅಂದರೆ ಹಾಸನದ ಕಡೆಯ ತೋಟದಲ್ಲಿ ದಿನಾ ಮುದ್ದೆ ತಿಂದ ನಾಯಿ, ಉಡುಪಿಯಲ್ಲಿ ಕುಚ್ಚಲಕ್ಕಿ ಅನ್ನ ಮೀನು ತಿಂದ ನಾಯಿ, ಎರಡರ ಕೂದಲನ್ನೂ ಪರಮಾಣುಗಳನ್ನು ಭಾರದ ಮೇಲೆ ಬೇರ್ಪಡಿಸಿ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಕೊಟ್ಟರೆ ವ್ಯತ್ಯಾಸ ಕಾಣುತ್ತದೆ. ಮೆಕ್ಕೆಜೋಳ ತಿಂದು ಬೆಳೆದ ಫಾರಂ ಕೋಳಿ ನಡುವೆ ಬಂದರೆ ಲೆಕ್ಕ ಸ್ವಲ್ಪ ಕಲಸಿಹೋಗುತ್ತದೆ, ಅದು ಬೇರೆ ಮಾತು.

ಕೂದಲು ಎಷ್ಟು ಕಾಲ ಮಾತಾಡುತ್ತದೆ ಎನ್ನುವುದಕ್ಕೆ ಮಟನ್ ಎಂಬ ನಾಯಿ ಸಾಕ್ಷಿ. ಹೌದು, ಹೆಸರೇ ಮಟನ್. ವಾಯವ್ಯ ಅಮೆರಿಕದ ಸೇಲಿಶ್ ಜನ ಉಣ್ಣೆಗಾಗಿಯೇ ಒಂದು ತಳಿಯ ನಾಯಿ ಸಾಕುತ್ತಿದ್ದರು, ಅದರ ಕೂದಲು ಕತ್ತರಿಸಿ ಕಂಬಳಿ ನೇಯುತ್ತಿದ್ದರು. ಆ ತಳಿ ಈಗ ಇಲ್ಲ. 1859ರಲ್ಲಿ ಸತ್ತ ಮಟನ್‌ನ ಕೂದಲು ಸಮೇತದ ಚರ್ಮ ಮಾತ್ರ ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಂ ಸಂಗ್ರಹದಲ್ಲಿ ಉಳಿದಿತ್ತು. 2023ರಲ್ಲಿ ಅದರ ಡಿಎನ್‌ಎ ಓದಿ, ಬೇರೆ ನಾಯಿಗಳ ಜೊತೆ ಬೆರೆಯದಂತೆ ಆ ಜನ ಈ ತಳಿಯನ್ನು ಸಾವಿರಾರು ವರ್ಷ ಕಾಪಾಡಿದ್ದರು ಎಂದು ಸಂಶೋಧಕರು ತೋರಿಸಿದರು. ನಮ್ಮ ಬೀದಿನಾಯಿಗಳ ಗಿಡ್ಡ ಕೂದಲಿನಲ್ಲಿ ನೂಲು ತೆಗೆಯಲು ಆಗುವುದಿಲ್ಲ, ಆದರೆ ಬಾಚಿದಾಗ ಬಂದ ಕೂದಲನ್ನು ಕಾಗದದ ಲಕೋಟೆಯಲ್ಲಿ ಇಡಬಹುದು. ತೇವ ಇರಬಾರದು. ನುಸಿ ಬರದಂತೆ ನೋಡಿಕೊಳ್ಳಬೇಕು.

ಇಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: ಡಿಎನ್‌ಎ ಇದ್ದರೆ ಕ್ಲೋನಿಂಗ್ ಮಾಡಿಸಬಹುದಲ್ಲ? ಕೂದಲಿನ ಡಿಎನ್‌ಎ ಸಾಲದು, ಜೀವಂತ ಜೀವಕೋಶ ಬೇಕು. ಅದು ಇತ್ತು ಅಂತಲೇ ಇಟ್ಟುಕೊಳ್ಳಿ. 2001ರ ಡಿಸೆಂಬರ್‌ನಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಜಗತ್ತಿನ ಮೊದಲ ತದ್ರೂಪಿ ಬೆಕ್ಕು ಹುಟ್ಟಿತು. ಹೆಸರು ಸಿಸಿ. ತಾಯಿ ಎನ್ನೋಣವೋ, ಅಕ್ಕ ಎನ್ನೋಣವೋ, ಮೂಲ ಬೆಕ್ಕಿನ ಹೆಸರು ರೇನ್‌ಬೋ. ಅದರ ಮೈಮೇಲೆ ಕಪ್ಪು, ಬಿಳಿ, ಕಿತ್ತಳೆ ಮೂರು ಬಣ್ಣ. ಸಿಸಿಯಲ್ಲಿ ಕಿತ್ತಳೆ ಇರಲೇ ಇಲ್ಲ! ಹೆಣ್ಣು ಬೆಕ್ಕಿನ ಪ್ರತಿ ಜೀವಕೋಶದಲ್ಲೂ ಎರಡು ಎಕ್ಸ್ ಕ್ರೋಮೋಸೋಮ್ ಇರುತ್ತವೆ, ಅದರಲ್ಲಿ ಒಂದು ಸುಮ್ಮನಾಗಿಬಿಡುತ್ತದೆ. ಯಾವುದು ಎನ್ನುವುದು ಭ್ರೂಣ ಪುಟ್ಟದಾಗಿದ್ದಾಗ ಅದೃಷ್ಟದ ಮೇಲೆ ತೀರ್ಮಾನವಾಗುತ್ತದೆ. ಕಿತ್ತಳೆ ಬಣ್ಣದ ಜೀನು ಎಕ್ಸ್ ಮೇಲಿದೆ. ಸಿಸಿಗಾಗಿ ಆರಿಸಿದ ಜೀವಕೋಶದಲ್ಲಿ ಸುಮ್ಮನಾಗಿದ್ದದ್ದು ಆ ಕಿತ್ತಳೆಯ ಎಕ್ಸ್. ಹಾಗಾಗಿ ಜೀನುಗಳೆಲ್ಲ ಅವೇ, ಬೆಕ್ಕು ನೋಡಲು ಬೇರೆ.

ಬಣ್ಣವೇ ಹೀಗಾದರೆ ಸ್ವಭಾವ? ನೀವು ಗೇಟು ತೆಗೆದಾಗ ಚಪ್ಪಲಿ ಕಚ್ಚಿಕೊಂಡು ಬರುವ ಅಭ್ಯಾಸ ಯಾವ ಜೀನಿನಲ್ಲೂ ಬರೆದಿಲ್ಲ. ನಾಯಿಯ ಮೊದಲ ತದ್ರೂಪಿ ಸ್ನಪ್ಪಿ 2005ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಹುಟ್ಟಿದ್ದು. ಅದಕ್ಕಾಗಿ 1,095 ಭ್ರೂಣಗಳನ್ನು 123 ಹೆಣ್ಣು ನಾಯಿಗಳ ಗರ್ಭಕ್ಕೆ ಸೇರಿಸಿದರು. ಹುಟ್ಟಿದ್ದು ಎರಡು ಮರಿ, ಒಂದು 22 ದಿನಕ್ಕೆ ಸತ್ತಿತು. ಈಗ ಕೆಲಸ ಅಷ್ಟು ಕಷ್ಟವಿಲ್ಲ, ಆದರೂ ಒಂದು ನಾಯಿಯ ನೆನಪಿಗಾಗಿ ಬೇರೆ ನಾಯಿಗಳು ಆಪರೇಷನ್‌ಗೆ ಮಲಗಬೇಕು ಎನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಇದಕ್ಕೆ ಎದುರಾಗಿ ಹಚಿಕೋನನ್ನು ನೋಡಿ. ತೀರಿಹೋದ ಯಜಮಾನನಿಗಾಗಿ ಟೋಕಿಯೋದ ಶಿಬುಯಾ ಸ್ಟೇಷನ್ ಮುಂದೆ ವರ್ಷಗಟ್ಟಲೆ ಕಾದ ಈ ನಾಯಿಯ ಕಂಚಿನ ಪ್ರತಿಮೆ ಎಲ್ಲರಿಗೂ ಗೊತ್ತು. ಜಾಸ್ತಿ ಜನರಿಗೆ ಗೊತ್ತಿಲ್ಲದ್ದು, ಅದರ ಅಂಗಗಳನ್ನು ಟೋಕಿಯೋ ವಿಶ್ವವಿದ್ಯಾಲಯ ಕಾಪಾಡಿಕೊಂಡು ಬಂದಿದೆ. 1935ರಲ್ಲಿ ಸತ್ತಾಗ ಹೊಟ್ಟೆಯಲ್ಲಿ ನಾಲ್ಕು ಯಾಕಿಟೋರಿ ಕಡ್ಡಿಗಳಿದ್ದವು, ಅಂದರೆ ಸ್ಟೇಷನ್ ಹತ್ತಿರ ಯಾರೋ ಹಾಕಿದ ಸುಟ್ಟ ಕೋಳಿಯ ಕಡ್ಡಿ. ಅವುಗಳಿಂದಲೇ ಸತ್ತಿತು ಎಂಬ ಮಾತೂ ಇತ್ತು. 2011ರಲ್ಲಿ ಆ ಅಂಗಗಳನ್ನು ಮತ್ತೆ ಪರೀಕ್ಷಿಸಿದಾಗ ಹೃದಯ, ಶ್ವಾಸಕೋಶದಲ್ಲಿ ಕ್ಯಾನ್ಸರ್ ಇತ್ತು ಎಂದು ಗೊತ್ತಾಯಿತು, ಜೊತೆಗೆ ಫೈಲೇರಿಯಾ ಹುಳು. ಎಪ್ಪತ್ತೈದು ವರ್ಷ ದಾಟಿದ ಮೇಲೂ ಆ ನಾಯಿಯ ಬಗ್ಗೆ ಹೊಸ ವಿಷಯ ತಿಳಿಯಿತಲ್ಲ, ನನಗೆ ಇದು ಪ್ರತಿಮೆಗಿಂತ ದೊಡ್ಡ ಸ್ಮಾರಕ. ಕಾಲವನ್ನು ತಡೆದುಕೊಳ್ಳುವುದರಲ್ಲಿ ಹಲ್ಲು ಇದಕ್ಕಿಂತಲೂ ಗಟ್ಟಿ. ಜರ್ಮನಿಯ ಬಾನ್ ಹತ್ತಿರ 1914ರಲ್ಲಿ ಸಿಕ್ಕ ಸುಮಾರು 14,000 ವರ್ಷ ಹಳೆಯ ಗೋರಿಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಏಳು ತಿಂಗಳ ನಾಯಿಮರಿ ಇತ್ತು. ಮರಿಯ ಹಲ್ಲಿನ ಎನಾಮೆಲ್‌ನಲ್ಲಿರುವ ಗೆರೆಗಳು ನಾಯಿಗಳಿಗೆ ಬರುವ ಡಿಸ್ಟೆಂಪರ್ ಎಂಬ ವೈರಸ್ ರೋಗದ್ದು ಎನ್ನುತ್ತಾರೆ ಪರೀಕ್ಷಿಸಿದವರು. ಆ ರೋಗ ಬಂದ ಮರಿ ಯಾರೂ ನೀರು ಕುಡಿಸದೆ, ಬೆಚ್ಚಗಿಡದೆ ವಾರಗಟ್ಟಲೆ ಬದುಕುವ ಸಾಧ್ಯತೆ ಕಡಿಮೆ. ಯಾವ ಕೆಲಸಕ್ಕೂ ಬಾರದ ಮರಿಯನ್ನು ಯಾರೋ ಆರೈಕೆ ಮಾಡಿದ್ದರು.

"ನಾಯಿ ತಾನೆ, ಇನ್ನೊಂದು ತಂದರಾಯ್ತು ಬಿಡಿ" ಎನ್ನುವವರು ಇದ್ದೇ ಇರುತ್ತಾರೆ. ಸಮಾಜ ಲೆಕ್ಕಕ್ಕೆ ತೆಗೆದುಕೊಳ್ಳದ ದುಃಖ ಬೇಗ ಇಳಿಯುವುದಿಲ್ಲ ಎಂದು ದುಃಖದ ಬಗ್ಗೆ ಅಧ್ಯಯನ ಮಾಡುವ ಅಮೆರಿಕದ ಕೆನೆತ್ ಡೋಕಾ 1980ರ ದಶಕದಿಂದಲೇ ಬರೆಯುತ್ತಾ ಬಂದಿದ್ದಾರೆ. ಸೂತಕವಿಲ್ಲ, ತಿಥಿಯಿಲ್ಲ, ಆಫೀಸಿನಲ್ಲಿ ರಜೆ ಕೇಳಲು ನಾಚಿಕೆ. ಹಾಗಾಗಿ ಕೈಗೆ ಏನಾದರೂ ಕೆಲಸ ಕೊಡುವುದು ಒಳ್ಳೆಯದೇ. ಅದನ್ನು ಪ್ರಾಣಿ ಬದುಕಿದ್ದಾಗಲೇ ಶುರು ಮಾಡಿದರೆ ಇನ್ನೂ ಒಳ್ಳೆಯದು.

ಉದಾಹರಣೆಗೆ ಮೂಗಿನ ಅಚ್ಚು. ನಮ್ಮ ಬೆರಳಚ್ಚಿನ ಹಾಗೆ ನಾಯಿಯ ಮೂಗಿನ ಮೇಲಿನ ಉಬ್ಬುತಗ್ಗು ಒಂದೊಂದಕ್ಕೂ ಬೇರೆ. ಹಸುವಿನ ವಿಮೆಗೆ ಮೂತಿಯ ಫೋಟೋ ತೆಗೆದು ಗುರುತು ಹಿಡಿಯುವುದು ನಮ್ಮ ದೇಶದಲ್ಲೂ ಬಂದಿದೆ. ನಾಯಿ ಊಟ ಮಾಡಿ ತೂಕಡಿಸುವಾಗ ಕೂತುಕೊಳ್ಳಿ. ಮೂಗನ್ನು ಬಟ್ಟೆಯಿಂದ ಒರೆಸಿ ಒಣಗಿಸಿ. ಅಡುಗೆಗೆ ಹಾಕುವ ಬಣ್ಣವನ್ನು ಟಿಶ್ಯೂ ಕಾಗದಕ್ಕೆ ತಾಗಿಸಿ, ಮೂಗಿನ ಮೇಲೆ ಹಗುರವಾಗಿ ಒತ್ತಿ, ಹೊಳ್ಳೆಯೊಳಗೆ ಹೋಗದಂತೆ. ತಕ್ಷಣ ಸಣ್ಣ ನೋಟ್‌ಪ್ಯಾಡನ್ನು ಮೂಗಿಗೆ ಒತ್ತಿ, ಕಾಗದ ಪಕ್ಕಕ್ಕೂ ಬಾಗಲಿ. ಎರಡು ಸೆಕೆಂಡು ಸಾಕು, ಅಷ್ಟರಲ್ಲಿ ನಾಲಿಗೆ ಬಂದೇ ಬರುತ್ತದೆ. ಬಣ್ಣ ಜಾಸ್ತಿಯಾದರೆ ಬರೀ ಕರಿ ಚುಕ್ಕೆ, ಕಡಿಮೆಯಾದರೆ ಸಣ್ಣ ಸಣ್ಣ ಚೌಕಗಳು ಸ್ಪಷ್ಟವಾಗಿ ಕಾಣುತ್ತವೆ. ಸ್ಟಾಂಪ್ ಪ್ಯಾಡಿನ ಇಂಕು ಮಾತ್ರ ಬೇಡ, ಅದನ್ನು ನೆಕ್ಕಿಬಿಡುತ್ತದೆ.

ದನಿಯೂ ಹಾಗೇ. ಹಂಗೇರಿಯ ಸಂಶೋಧಕರು ಮೂಡಿ ತಳಿಯ ನಾಯಿಗಳ ಸಾವಿರಾರು ಬೊಗಳುಗಳನ್ನು ಕಂಪ್ಯೂಟರಿಗೆ ಕೊಟ್ಟು ನೋಡಿದ್ದರು. ಯಾವ ನಾಯಿ ಬೊಗಳಿದ್ದು ಎನ್ನುವುದನ್ನು ಕಂಪ್ಯೂಟರ್ ಸುಮ್ನೆ ಊಹಿಸುವುದಕ್ಕಿಂತ ಎಷ್ಟೋ ಚೆನ್ನಾಗಿ ಹೇಳಿತು. ಅಂದರೆ ಪ್ರತಿ ನಾಯಿಗೂ ತನ್ನದೇ ದನಿ ಇದೆ. ನಮ್ಮ ಫೋನಿನಲ್ಲಿ ಫೋಟೋ ರಾಶಿ ಬಿದ್ದಿರುತ್ತದೆ, ದನಿ ಇರುವುದಿಲ್ಲ. ನೆಲದ ಟೈಲ್ಸ್ ಮೇಲೆ ಉಗುರಿನ ಟಕಟಕ, ನೀರು ಕುಡಿಯುವ ಸದ್ದು, ನಿದ್ದೆಯಲ್ಲಿ ಗುರುಗುಟ್ಟುವುದು ಎಲ್ಲ ರೆಕಾರ್ಡ್ ಮಾಡಿ. ವಾಟ್ಸ್ಯಾಪ್‌ನಲ್ಲಿ ಕಳಿಸಿಕೊಂಡು ಇಡಬೇಡಿ, ಅಲ್ಲಿ ವಿಡಿಯೋ ಕುಗ್ಗುತ್ತದೆ, ಮೂಲ ಫೈಲನ್ನೇ ಇಡಿ. ಫೈಲಿನ ಹೆಸರಿನಲ್ಲಿ ತಾರೀಕು ಹಾಕಿ, ಯಾರನ್ನು ನೋಡಿ ಬೊಗಳಿದ್ದು ಎನ್ನುವುದನ್ನೂ ಹಾಕಿ. ಹಾಲಿನವನೋ, ಕೋತಿಯೋ, ಎದುರು ಮನೆಯ ಬೆಕ್ಕೋ.