ಟಿಕೆಟ್ ಹಿಂದೆ ಬರೆದ ಚಿಲ್ಲರೆ

ಬಸ್ ಹತ್ತಿ ಇನ್ನೂರರ ನೋಟು ಕೊಡುತ್ತೀರಿ. ಟಿಕೆಟ್ 135 ರೂಪಾಯಿ. ಕಂಡಕ್ಟರ್ ಹತ್ತಿರ ಚಿಲ್ಲರೆ ಇಲ್ಲ. ಟಿಕೆಟ್ ಹಿಂದೆ 65 ಅಂತ ಗೀಚಿ, ಅದರ ಸುತ್ತ ಒಂದು ಸೊನ್ನೆ ಸುತ್ತಿ, "ಇಳಿಯುವಾಗ ಇಸ್ಕೊಳ್ಳಿ" ಎನ್ನುತ್ತ ಮುಂದಿನ ಸೀಟಿಗೆ ಹೋಗುತ್ತಾರೆ. ನಿಮ್ಮ ಮುಖ ಅವರಿಗೆ ನೆನಪಿರಬೇಕಾಗಿಲ್ಲ. ಐವತ್ತು ಜನರ ಬಾಕಿಯನ್ನು ತಲೆಯಲ್ಲಿ ಹೊತ್ತು ತಿರುಗಬೇಕಾಗಿಲ್ಲ. ಲೆಕ್ಕವನ್ನು ನಿಮ್ಮ ಕೈಗೇ ಕೊಟ್ಟು ಅವರು ಹಗುರಾದರು.

ಈಗ ಒಂಚೂರು ಕಳ್ಳಬುದ್ಧಿ ಓಡಿಸಿ. ಆ 65ರ ಎಡಕ್ಕೆ ಒಂದು ಗೀಟು ಎಳೆದರೆ 165 ಆಗುತ್ತದೆ. ಪೆನ್ನು ನಿಮ್ಮ ಜೇಬಿನಲ್ಲೂ ಇದೆ, ಅಲ್ವಾ? ಆದರೆ ಸುತ್ತ ಸೊನ್ನೆ ಇರುವುದರಿಂದ ಆ ಒಂದು ಗೀಟಿಗೆ ಜಾಗವೇ ಇಲ್ಲ. ಕಂಡಕ್ಟರ್‌ಗಳು ಸುಮ್ನೆ ಅಭ್ಯಾಸಬಲದಿಂದ ಸೊನ್ನೆ ಸುತ್ತುತ್ತಾರೋ, ಇದಕ್ಕೆಂದೇ ಸುತ್ತುತ್ತಾರೋ, ಕೇಳಿಲ್ಲ. ನನಗಂತೂ ಅದನ್ನು ನೋಡಿದಾಗಲೆಲ್ಲ ನನ್ನ ಕೆಲಸವೇ ನೆನಪಾಗುತ್ತದೆ. ವೆಬ್‌ಸೈಟಿನ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಮಾಹಿತಿ ಸಾಗಿಸುವುದು ಅಂದರೆ ಹೆಚ್ಚುಕಡಿಮೆ ಇದೇ ಕಥೆ.

ವೆಬ್ ಹುಟ್ಟಾ ಮರೆಗುಳಿ. 1989ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಇದರ ಯೋಜನೆ ಮುಂದಿಟ್ಟಾಗ ಬೇಕಾಗಿದ್ದದ್ದು ವಿಜ್ಞಾನಿಗಳು ಒಬ್ಬರ ದಾಖಲೆಯನ್ನು ಇನ್ನೊಬ್ಬರು ಓದುವ ವ್ಯವಸ್ಥೆ ಅಷ್ಟೇ. ಬ್ರೌಸರ್ ಒಂದು ಪುಟ ಕೇಳುತ್ತದೆ, ಪುಟಗಳನ್ನು ಇಟ್ಟುಕೊಂಡಿರುವ ಸರ್ವರ್ ಎಂಬ ಕಂಪ್ಯೂಟರ್ ಕೊಡುತ್ತದೆ, ಅಲ್ಲಿಗೆ ಮುಗಿಯಿತು. ಮರುಕ್ಷಣ ಅದೇ ಬ್ರೌಸರ್ ಇನ್ನೊಂದು ಪುಟ ಕೇಳಿದರೆ ಸರ್ವರ್‌ಗೆ ಅದು ಹೊಸ ಗಿರಾಕಿ. ಇದು ಪೆದ್ದುತನವಲ್ಲ. ಯಾರನ್ನೂ ನೆನಪಿಟ್ಟುಕೊಳ್ಳದ ಸರ್ವರ್ ಸಾವಿರಾರು ಜನರಿಗೆ ಸುಲಭವಾಗಿ ಉತ್ತರ ಕೊಡಬಲ್ಲದು.

ತೊಂದರೆ ಶುರುವಾದದ್ದು ವೆಬ್‌ನಲ್ಲಿ ಅಂಗಡಿ ಇಡಲು ಹೊರಟಾಗ. ಮೊದಲ ಪುಟದಲ್ಲಿ ಸಾಮಾನು ಆರಿಸುತ್ತೀರಿ, ಎರಡನೆಯದರಲ್ಲಿ ವಿಳಾಸ, ಮೂರನೆಯದರಲ್ಲಿ ಹಣ. ಮೊದಲ ಪುಟದಲ್ಲಿ ಏನು ಆರಿಸಿದಿರಿ ಅಂತ ಮೂರನೆಯ ಪುಟಕ್ಕೆ ಹೇಳುವವರು ಯಾರು? ಸರ್ವರ್ ಮರೆತಿದೆ. ಹಾಗಾಗಿ ಚೀಟಿಯನ್ನು ನೀವೇ ಒಯ್ಯಬೇಕು.

ಚೀಟಿ ಒಯ್ಯಲು ಅತಿ ಸುಲಭದ ಜಾಗ ಬ್ರೌಸರ್‌ನ ಮೇಲಿನ ವಿಳಾಸ ಪಟ್ಟಿ. ಆ ವಿಳಾಸದ, ಅಂದರೆ ಯುಆರ್‌ಎಲ್‌ನ, ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ, ಅದರಾಚೆ ಬೇಕಾದ ಮಾಹಿತಿ. ಹುಡುಕಾಟಕ್ಕೆ, ಪುಟ ಸಂಖ್ಯೆಗೆ ಇದು ಒಳ್ಳೆಯದೇ. ಗುಟ್ಟಿನ ವಿಷಯ ಮಾತ್ರ ಇಲ್ಲಿ ಇಡಬಾರದು. ಈ ವಿಳಾಸ ಬ್ರೌಸರ್‌ನ ಇತಿಹಾಸದಲ್ಲಿ ಉಳಿಯುತ್ತದೆ, ಸರ್ವರ್‌ನ ಲಾಗ್ ಕಡತದಲ್ಲಿ ಉಳಿಯುತ್ತದೆ, ಯಾರೋ ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿದರೆ ಅದರ ಜೊತೆಗೇ ಹೋಗುತ್ತದೆ. ಮೊದಲೆಲ್ಲ ಆ ಪುಟದಿಂದ ಬೇರೆ ಸೈಟಿಗೆ ಹೋದರೆ, "ಇವರು ಇಂಥ ವಿಳಾಸದಿಂದ ಬಂದರು" ಅಂತ ಬ್ರೌಸರ್ ಇಡೀ ಯುಆರ್‌ಎಲ್ ಅನ್ನೇ ಅಲ್ಲಿಗೆ ಒಪ್ಪಿಸುತ್ತಿತ್ತು. ಈಗಿನ ಬ್ರೌಸರ್‌ಗಳು ಸಾಮಾನ್ಯವಾಗಿ ಸೈಟಿನ ಹೆಸರಷ್ಟನ್ನೇ ಹೇಳುತ್ತವೆ. ಅಂದಹಾಗೆ, ಈ ಸುದ್ದಿ ಮುಟ್ಟಿಸುವ ಸಾಲಿನ ಹೆಸರು 'ರೆಫರರ್'. ಅದರ ಇಂಗ್ಲಿಷ್ ಕಾಗುಣಿತದಲ್ಲಿ ಒಂದು 'ಆರ್' ಬಿಟ್ಟುಹೋಗಿದೆ. 1996ರ ದಾಖಲೆಯಲ್ಲಿ ಆ ತಪ್ಪು ಹಾಗೇ ಅಚ್ಚಾಯಿತು, ಇವತ್ತಿಗೂ ಪ್ರತಿ ಬ್ರೌಸರ್ ಅದೇ ತಪ್ಪು ಕಾಗುಣಿತ ಬರೆಯುತ್ತಿದೆ.

ಸೋರಿಕೆಗಿಂತ ದೊಡ್ಡ ತಲೆನೋವು ತಿದ್ದುವುದು. 2011ರಲ್ಲಿ ಅಮೆರಿಕದ ಸಿಟಿಗ್ರೂಪ್‌ನ ಸುಮಾರು 3,60,000 ಕ್ರೆಡಿಟ್ ಕಾರ್ಡ್ ಖಾತೆಗಳ ವಿವರ ಕಳ್ಳರ ಪಾಲಾಯಿತು. ಆಗ ಪತ್ರಿಕೆಗಳಲ್ಲಿ ಬಂದ ವಿವರ ಓದಿ ನಮ್ಮ ಕಡೆಯವರೆಲ್ಲ ಹಣೆ ಚಚ್ಚಿಕೊಂಡಿದ್ದೆವು. ಕಳ್ಳರು ಲಾಗಿನ್ ಆಗಿ, ವಿಳಾಸ ಪಟ್ಟಿಯಲ್ಲಿದ್ದ ಖಾತೆಯ ಅಂಕಿಗಳನ್ನು ಬದಲಿಸಿದ್ದರು. ಬೇರೆಯವರ ಖಾತೆ ತೆರೆಯಿತು. ಆಮೇಲೆ ಅಂಕಿ ಬದಲಿಸುವ ಕೆಲಸವನ್ನು ಒಂದು ಪ್ರೋಗ್ರಾಮಿಗೆ ವಹಿಸಿದರು. 2019ರಲ್ಲಿ ಫಸ್ಟ್ ಅಮೆರಿಕನ್ ಎಂಬ ಕಂಪನಿಯದ್ದು ಇನ್ನೂ ಘೋರ. ಆಸ್ತಿ ವ್ಯವಹಾರದ 88.5 ಕೋಟಿ ದಾಖಲೆಗಳು ಬಯಲಿಗೆ ಬಿದ್ದಿದ್ದವು. ಲಿಂಕಿನಲ್ಲಿನ ದಾಖಲೆ ಸಂಖ್ಯೆ ಬದಲಿಸಿದರೆ ಸಾಕು, ಲಾಗಿನ್ ಕೂಡ ಬೇಕಿರಲಿಲ್ಲ.

ಬೇರೆಯವರನ್ನು ಆಡಿಕೊಳ್ಳುವ ಮೊದಲು ನನ್ನದನ್ನೂ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಉಪ್ಪಿನಕಾಯಿ ಅಂಗಡಿಯ ವೆಬ್‌ಸೈಟ್ ಮಾಡಿದೆ. ಒಂದು ಡಬ್ಬಿಗೆ 450 ರೂಪಾಯಿ. ಆ ಬೆಲೆಯನ್ನು ಹಣ ಕಟ್ಟುವ ಪುಟಕ್ಕೆ ಸಾಗಿಸಲು ಫಾರ್ಮ್‌ನಲ್ಲಿ ಹಿಡನ್ ಫೀಲ್ಡ್, ಅಂದರೆ ಪುಟದಲ್ಲಿ ಕಾಣಿಸದ ಖಾನೆ ಇಟ್ಟಿದ್ದೆ. ಹೆಸರೇ ಹಿಡನ್, ಯಾರಿಗೆ ಕಾಣುತ್ತದೆ ಅನ್ನೋ ಧೈರ್ಯ. ನಮ್ಮ ಟೀಮಿನ ಹಿರಿಯರೊಬ್ಬರು ಬಂದು ನನ್ನ ಕೀಬೋರ್ಡ್ ಎಳೆದುಕೊಂಡರು. ಎಫ್12 ಒತ್ತಿದರು. ಪುಟದ ಒಳಗೆಲ್ಲ ಬಿಚ್ಚಿಕೊಂಡಿತು. 450 ಅನ್ನುವ ಜಾಗದಲ್ಲಿ 1 ಬರೆದು ಎಂಟರ್ ಹೊಡೆದರು. ಪೇಮೆಂಟ್ ಪುಟ ಬಂತು: ಒಂದು ರೂಪಾಯಿ ಕಟ್ಟಿ. ಅವರು ಕೇಳಿದ್ದು ಇಷ್ಟೇ, "ಅಂಗಡಿ ಇಟ್ಟಿದ್ದೀಯೋ, ದಾಸೋಹ ನಡೆಸ್ತಿದ್ದೀಯೋ?"

ಎಚ್‌ಟಿಟಿಪಿಎಸ್ ಇದೆಯಲ್ಲ ಸಾರ್, ಬೀಗದ ಗುರುತು ಬರುತ್ತಲ್ಲ ಅಂದೆ. ಅದು ದಾರಿಯಲ್ಲಿ ಕದಿಯುವವರಿಗೆ ಹಾಕಿದ ಬೀಗ. ಇಲ್ಲಿ ತಿದ್ದುವವನು ಬಸ್ಸಿನೊಳಗೇ ಟಿಕೆಟ್ ಹಿಡಿದು ಕೂತಿದ್ದಾನೆ. ವಿಳಾಸ ಪಟ್ಟಿಯಲ್ಲಿ ಕಾಣದಂತೆ 'ಪೋಸ್ಟ್' ವಿಧಾನದಲ್ಲಿ ಕಳಿಸಿದರೂ ಅಷ್ಟೇ. ಕಣ್ಣಿಗೆ ಕಾಣದು, ಕೈಗೆ ಸಿಗುತ್ತದೆ. ಅವತ್ತು ಸರಿಮಾಡಿದ್ದು ಹೀಗೆ: ಬ್ರೌಸರ್‌ನಿಂದ ಯಾವ ಡಬ್ಬಿ, ಎಷ್ಟು ಡಬ್ಬಿ ಅನ್ನುವುದಷ್ಟೇ ಬರಲಿ. ಎಷ್ಟು ಡಬ್ಬಿ ಅನ್ನುವಲ್ಲಿ ಮೈನಸ್ ಅಂಕಿ ಬಂದರೆ ತಳ್ಳಿಹಾಕು. ಬೆಲೆಯನ್ನು ನಮ್ಮ ಡೇಟಾಬೇಸ್‌ನಿಂದ ನಾವೇ ನೋಡಿ ಹಾಕೋಣ.

ಕುಕಿ ಹುಟ್ಟಿದ್ದೂ ಇಂಥದೇ ಅಂಗಡಿ ತಾಪತ್ರಯದಲ್ಲಿ. 1994ರಲ್ಲಿ ಎಂಸಿಐ ಎಂಬ ದೂರವಾಣಿ ಕಂಪನಿಗಾಗಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿ ಒಂದು ಆನ್‌ಲೈನ್ ಅಂಗಡಿ ಕಟ್ಟುತ್ತಿತ್ತು. ಗಿರಾಕಿಗಳ ಅರ್ಧಂಬರ್ಧ ವ್ಯಾಪಾರದ ಲೆಕ್ಕವನ್ನೆಲ್ಲ ತನ್ನ ಸರ್ವರ್‌ನಲ್ಲಿ ಇಟ್ಟುಕೊಳ್ಳಲು ಎಂಸಿಐಗೆ ಇಷ್ಟವಿರಲಿಲ್ಲ. ಥೇಟ್ ನಮ್ಮ ಕಂಡಕ್ಟರ್. ನೆಟ್‌ಸ್ಕೇಪ್‌ನ ಲೂ ಮೊಂಟುಲಿ ಉಪಾಯ ಹುಡುಕಿದರು. ಸರ್ವರ್ ಒಂದು ಸಣ್ಣ ಚೀಟಿ ಕೊಡುತ್ತದೆ, ಬ್ರೌಸರ್ ಅದನ್ನು ಜೇಬಿನಲ್ಲಿಟ್ಟುಕೊಂಡು ಪ್ರತಿ ಸಲ ಆ ಸೈಟಿಗೆ ಹೋದಾಗ ತೋರಿಸುತ್ತದೆ. ಒಂದು ಪ್ರೋಗ್ರಾಮ್ ಇನ್ನೊಂದಕ್ಕೆ ಕೊಟ್ಟು, ತೆರೆಯದೆ ಹಾಗೇ ವಾಪಸ್ ಪಡೆಯುವ ಪೊಟ್ಟಣವನ್ನು ಯುನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಪ್ರೋಗ್ರಾಮ್ ಬರೆಯುವ ಮಂದಿ ಮೊದಲಿಂದಲೂ 'ಮ್ಯಾಜಿಕ್ ಕುಕಿ' ಅನ್ನುತ್ತಿದ್ದರು. ಆ ಹೆಸರೇ ಇದಕ್ಕೂ ಬಂತು.

ಕುಕಿಯೂ ಗಿರಾಕಿಯ ಜೇಬಿನಲ್ಲೇ ಇರುತ್ತದೆ, ತಿದ್ದಬಹುದು. ಇದಕ್ಕೆ ಎರಡು ದಾರಿಗಳಿವೆ.

ಮೊದಲನೆಯದು ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನದು. ಚಪ್ಪಲಿ ಒಳಗಿರುತ್ತದೆ, ನಿಮ್ಮ ಕೈಯಲ್ಲಿ ಬರೀ ಟೋಕನ್. ಟೋಕನ್ನಿನಲ್ಲಿ ತಿದ್ದಲು ಏನೂ ಇಲ್ಲ. ವೆಬ್‌ನಲ್ಲಿ ಇದಕ್ಕೆ ಸೆಷನ್ ಐಡಿ ಎನ್ನುತ್ತಾರೆ. ಹೆಸರು, ಬುಟ್ಟಿ, ಲೆಕ್ಕ ಎಲ್ಲ ಸರ್ವರ್‌ನಲ್ಲೇ, ಕುಕಿಯಲ್ಲಿ ಒಂದು ಸಂಖ್ಯೆ ಮಾತ್ರ. ಆದರೆ ಚಪ್ಪಲಿ ಟೋಕನ್ 47 ಆಗಿದ್ದರೆ ಪಕ್ಕದವರದ್ದು 48 ಇರಬೇಕು ಅಂತ ಯಾರಾದರೂ ಊಹಿಸಬಹುದು. ಸೆಷನ್ ಐಡಿ ಹಾಗೆ ಸಾಲಾಗಿ ಹೋಗಬಾರದು. 128 ಬಿಟ್‌ಗಳ, ಅಂದರೆ 128 ಸೊನ್ನೆ-ಒಂದುಗಳ, ಐಡಿಯನ್ನು ಯಾವ ಲೆಕ್ಕಕ್ಕೂ ಸಿಗದಂತೆ ಆರಿಸಿದರೆ ಇರುವ ಸಾಧ್ಯತೆಗಳನ್ನು ಬರೆಯಲು 39 ಅಂಕಿ ಬೇಕು. ಕಂಪ್ಯೂಟರ್ ಇಟ್ಟುಕೊಂಡು ಊಹಿಸುತ್ತ ಕೂತರೂ ಆಯುಷ್ಯ ಸಾಲದು.

ಎರಡನೆಯದು ಕಂಡಕ್ಟರ್ ಸುತ್ತಿದ ಸೊನ್ನೆಯ ದಾರಿ, ಸಹಿ. 1996ರಲ್ಲಿ ಬೆಲಾರೆ, ಕ್ಯಾನೆಟ್ಟಿ, ಕ್ರಾಚಿಕ್ ಎಂಬ ಮೂವರು ಎಚ್‌ಮ್ಯಾಕ್ ಎಂಬ ವಿಧಾನ ಮುಂದಿಟ್ಟರು. ಸರ್ವರ್‌ನ ಬಳಿ ಒಂದು ಗುಪ್ತ ಕೀಲಿ ಇರುತ್ತದೆ. ಚೀಟಿಯಲ್ಲಿ ಬರೆದದ್ದನ್ನೂ ಆ ಕೀಲಿಯನ್ನೂ ಒಟ್ಟಿಗೆ ಅರೆದರೆ ಒಂದು ಉದ್ದನೆಯ ಸಂಖ್ಯೆ ಬರುತ್ತದೆ. ಅದನ್ನು ಚೀಟಿಯ ಕೆಳಗೆ ಅಂಟಿಸುತ್ತಾರೆ. ಚೀಟಿ ವಾಪಸ್ ಬಂದಾಗ ಸರ್ವರ್ ಮತ್ತೆ ಅರೆದು ನೋಡುತ್ತದೆ. 65 ಇದ್ದದ್ದು 66 ಆಗಿದ್ದರೂ ಇಡೀ ಸಂಖ್ಯೆ ಬೇರೆಯದೇ ಬರುತ್ತದೆ, ಕಳ್ಳತನ ಸಿಕ್ಕಿಬೀಳುತ್ತದೆ. ಕೀಲಿ ಗೊತ್ತಿಲ್ಲದವರು ಹೊಸ ಸಹಿ ಹಾಕಲಾರರು. ಆನ್‌ಲೈನ್‌ನಲ್ಲಿ ಹಣ ಕಟ್ಟಿದ ಮೇಲೆ ಅಂಗಡಿಯ ಪರವಾಗಿ ಹಣ ಪಡೆಯುವ ಪೇಮೆಂಟ್ ಗೇಟ್‌ವೇಯಿಂದ ಅಂಗಡಿಯ ಪುಟಕ್ಕೆ ವಾಪಸ್ ಬರುತ್ತೀರಲ್ಲ, "ಹಣ ಬಂದಿದೆ" ಅನ್ನುವ ಸುದ್ದಿ ನಿಮ್ಮ ಬ್ರೌಸರ್ ಮೂಲಕವೇ ಬರುವಾಗ ಅದರ ಜೊತೆ ಇಂಥದೊಂದು ಸಹಿ ಇರುತ್ತದೆ. ಅದನ್ನು ತಾಳೆ ನೋಡದೆ ಸಾಮಾನು ಕಳಿಸುವ ಅಂಗಡಿಯವನು ಮುಳುಗಿದ ಹಾಗೇ.

ಸಹಿ ಹಾಕಿದ್ದು ಗುಟ್ಟಾಗಿದೆ ಅಂತ ಮಾತ್ರ ತಿಳಿಯಬೇಡಿ. ಟಿಕೆಟ್ ಹಿಂದಿನ 65ನ್ನು ಪಕ್ಕದ ಸೀಟಿನವರೂ ಓದಬಹುದು. 2015ರಲ್ಲಿ ಪ್ರಮಾಣಿತ ರೂಪ ಪಡೆದ ಜೆಡಬ್ಲ್ಯೂಟಿ ಎಂಬ ಸಹಿ ಹಾಕಿದ ಟೋಕನ್ ನೋಡಲು ಅರ್ಥವಿಲ್ಲದ ಅಕ್ಷರಗಳ ಸರಮಾಲೆಯ ಹಾಗಿರುತ್ತದೆ. ಆದರೆ ಸಾಮಾನ್ಯವಾಗಿ ಅದು ಬರೀ ಬೇರೆ ಲಿಪಿಯಲ್ಲಿ ಬರೆದಷ್ಟೇ, ಯಾರು ಬೇಕಾದರೂ ಬಿಡಿಸಿ ಓದಬಹುದು. ಅದರೊಳಗೆ ಫೋನ್ ನಂಬರ್ ತುಂಬಿಟ್ಟವರನ್ನು ನಾನೇ ನೋಡಿದ್ದೇನೆ. ಇದೇ ಟೋಕನ್ನಿನದು ಇನ್ನೊಂದು ತಮಾಷೆ. ಯಾವ ಬಗೆಯ ಸಹಿ ಅನ್ನುವುದನ್ನು ಟೋಕನ್ನೇ ಹೇಳುತ್ತದೆ. 'ಸಹಿ ಇಲ್ಲ' ಅಂತಲೂ ಬರೆಯಬಹುದು. ಟೋಕನ್ ಪರೀಕ್ಷಿಸುವ ಕೆಲವು ಲೈಬ್ರರಿಗಳು, ಅಂದರೆ ಸಿದ್ಧ ಪ್ರೋಗ್ರಾಮುಗಳು, ಅದನ್ನು ನಂಬಿ ಒಳಗೆ ಬಿಡುತ್ತಿದ್ದದ್ದು 2015ರಲ್ಲಿ ಬಯಲಾಯಿತು. "ಈ ಟಿಕೆಟ್‌ಗೆ ಸಹಿ ಬೇಕಿಲ್ಲ" ಅಂತ ಪ್ರಯಾಣಿಕನೇ ಬರೆದುಕೊಂಡು ಬಂದರೆ ಕಂಡಕ್ಟರ್ ತಲೆಯಾಡಿಸಿದ ಹಾಗೆ.

ತಿದ್ದಲಾಗದ ಟೋಕನ್ನನ್ನು ಕದಿಯಬಹುದು. 2010ರ ಅಕ್ಟೋಬರ್‌ನಲ್ಲಿ ಎರಿಕ್ ಬಟ್ಲರ್ ಎಂಬ ಪ್ರೋಗ್ರಾಮರ್ ಫೈರ್‌ಶೀಪ್ ಎಂಬ ಫೈರ್‌ಫಾಕ್ಸ್ ಬ್ರೌಸರ್‌ಗೆ ಜೋಡಿಸುವ ಎಕ್ಸ್‌ಟೆನ್ಷನ್ ಬಿಡುಗಡೆ ಮಾಡಿದರು. ಆಗೆಲ್ಲ ಬಹಳ ಸೈಟುಗಳು ಪಾಸ್‌ವರ್ಡ್ ಕೇಳುವ ಪುಟಕ್ಕೆ ಮಾತ್ರ ಬೀಗ ಹಾಕಿ, ಮುಂದಿನ ಪುಟಗಳಲ್ಲಿ ಸೆಷನ್ ಕುಕಿಯನ್ನು ಬಟ್ಟಂಬಯಲಲ್ಲಿ ಕಳಿಸುತ್ತಿದ್ದವು. ಕಾಫಿ ಅಂಗಡಿಯ ಉಚಿತ ವೈಫೈನಲ್ಲಿ ಕೂತು ಫೈರ್‌ಶೀಪ್ ತೆರೆದರೆ ಸುತ್ತ ಕೂತವರ ಫೇಸ್‌ಬುಕ್ ಖಾತೆಗಳು ಸಾಲಾಗಿ ಕಾಣುತ್ತಿದ್ದವು. ಒಂದರ ಮೇಲೆ ಕ್ಲಿಕ್ ಮಾಡಿದರೆ ನೀವೇ ಅವರು. ಪಾಸ್‌ವರ್ಡ್ ಬೇಕೇ ಇಲ್ಲ, ಟೋಕನ್ ತೋರಿಸಿದವರಿಗೆ ಚಪ್ಪಲಿ. ಬಟ್ಲರ್ ಕದಿಯಲು ಮಾಡಿದ್ದಲ್ಲ, ಕಂಪನಿಗಳ ಕಿವಿ ಹಿಂಡಲು ಮಾಡಿದ್ದು. 2013ರ ಹೊತ್ತಿಗೆ ಫೇಸ್‌ಬುಕ್ ಎಲ್ಲರಿಗೂ ಪೂರ್ತಿ ಎಚ್‌ಟಿಟಿಪಿಎಸ್ ಕೊಟ್ಟಿತು.

ಈಗ ಕುಕಿ ಕೊಡುವಾಗಲೇ ಸರ್ವರ್ ಮೂರು ಷರತ್ತು ಹಾಕಬಹುದು. 'ಸೆಕ್ಯೂರ್' ಅಂದರೆ ಬೀಗವಿಲ್ಲದ ದಾರಿಯಲ್ಲಿ ಇದನ್ನು ಕಳಿಸಬೇಡ. 'ಎಚ್‌ಟಿಟಿಪಿಓನ್ಲಿ' ಅಂದರೆ ಪುಟದೊಳಗೆ ಓಡುವ ಜಾವಾಸ್ಕ್ರಿಪ್ಟ್ ಪ್ರೋಗ್ರಾಮಿಗೆ ಇದನ್ನು ತೋರಿಸಬೇಡ. 'ಸೇಮ್‌ಸೈಟ್' ಅಂದರೆ ಬೇರೆ ಸೈಟಿನವರು ಎಬ್ಬಿಸಿದ ಕೆಲಸಕ್ಕೆ ಇದನ್ನು ಒಯ್ಯಬೇಡ. ಮೂರನ್ನೂ ಬರೆಯಲು ಒಂದು ಸಾಲು ಸಾಕು. ಆದರೂ ಬಿಟ್ಟಿರುತ್ತಾರೆ.

ಆ ಹಿರಿಯರು ಉಪ್ಪಿನಕಾಯಿ ಸೈಟನ್ನು ಇನ್ನೊಮ್ಮೆ ನೋಡಲು ಬಂದರು. ಈ ಸಲ ಹಿಡನ್ ಫೀಲ್ಡ್ ಇಲ್ಲ, ಎಲ್ಲದಕ್ಕೂ ಸಹಿ ಹಾಕಿದ್ದೇನೆ, ನಿರಾಳವಾಗಿ ಕೂತಿದ್ದೆ. ಅವರು ಏನನ್ನೂ ತಿದ್ದಲಿಲ್ಲ. ಒಂದು ಸಲ 450 ರೂಪಾಯಿ ಕಟ್ಟಿದಂತೆ ಪರೀಕ್ಷೆಯ ಹಣ ಕಟ್ಟಿದರು. ವಾಪಸ್ ಬಂದ "ಹಣ ಬಂದಿದೆ" ಚೀಟಿಯನ್ನು ಕಾಪಿ ಮಾಡಿಕೊಂಡರು. ಅದನ್ನೇ ಇನ್ನೊಂದು ಸಲ ಕಳಿಸಿದರು. ಮತ್ತೊಂದು ಸಲ. ಸಹಿ ಮೂರು ಸಲವೂ ಸರಿಯಾಗಿಯೇ ಇತ್ತು. ಮೂರು ಡಬ್ಬಿಗೆ ಆರ್ಡರ್ ಹೋಯಿತು.

"ಬಸ್ಸಲ್ಲಿ ಚಿಲ್ಲರೆ ಕೊಟ್ಟ ಮೇಲೆ ಕಂಡಕ್ಟರ್ ಏನ್ ಮಾಡ್ತಾರೆ ನೋಡಿದ್ದೀಯಾ?" ಅಂದರು.

ನೋಡಿದ್ದೆ. 65ರ ಮೇಲೆ ಅಡ್ಡ ಗೀಟು ಎಳೆಯುತ್ತಾರೆ. ಅವತ್ತು ರಾತ್ರಿ ಕೂತು ಡೇಟಾಬೇಸ್‌ಗೆ ಒಂದು ಕಾಲಂ ಸೇರಿಸಿದೆ: ಈ ಚೀಟಿ ಬಳಸಿ ಆಯಿತಾ, ಇಲ್ಲವಾ.