ಜಿಸಿಎಸ್‌ಇ ಮೀಡಿಯಾ ಸ್ಟಡೀಸ್: ಲೇಔಟ್‌ಗೆ ಮೊದಲು ಫೋಟೊ, ಫೋಟೊಗೆ ಮೊದಲು ಬ್ರೀಫ್

ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡಿಗರ ಮನೆಯಲ್ಲಿ ಮಗಳೋ ಮಗನೋ ಜಿಸಿಎಸ್‌ಇಗೆ (ಹದಿನಾರರ ಆಸುಪಾಸಿನಲ್ಲಿ ಬರೆಯುವ ಶಾಲಾ ಪರೀಕ್ಷೆ) ಮೀಡಿಯಾ ಸ್ಟಡೀಸ್ ಆರಿಸಿಕೊಂಡರೆ, ಗಣಿತ, ಕೆಮಿಸ್ಟ್ರಿಗಳ ನಡುವೆ ಇದೊಂದು ಹಗುರ ವಿಷಯ ಇರಲಿ ಬಿಡಿ ಎಂದು ಅಪ್ಪ ಅಮ್ಮ ಸುಮ್ಮನಾಗುವುದುಂಟು. ಕೋರ್ಸ್‌ವರ್ಕ್ ಶುರುವಾದ ಮೇಲೆ ಆ ನೆಮ್ಮದಿ ಉಳಿಯುವುದಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ತರಗತಿಗಳಿಗೆ ಬಂದು 2019ರಲ್ಲಿ ಮೊದಲ ಪರೀಕ್ಷೆ ಕಂಡ ಈಗಿನ ಪಠ್ಯಕ್ರಮದಲ್ಲಿ ಶೇ 70 ಅಂಕ ಲಿಖಿತ ಪರೀಕ್ಷೆಗೆ, ಉಳಿದ ಶೇ 30 ವಿದ್ಯಾರ್ಥಿಯೇ ತಯಾರಿಸಬೇಕಾದ ಒಂದು ಮಾಧ್ಯಮ ಉತ್ಪನ್ನಕ್ಕೆ. ಶಾಲೆಗಳಲ್ಲಿ ಇದನ್ನು ಎನ್‌ಇಎ (ನಾನ್ ಎಕ್ಸಾಮ್ ಅಸೆಸ್‌ಮೆಂಟ್) ಎನ್ನುತ್ತಾರೆ. ಹಿಂದಿನಂತೆ ಮೂವರು ನಾಲ್ವರು ಸೇರಿ ಮಾಡುವಂತಿಲ್ಲ. ಗೆಳೆಯರು ಮಾಡೆಲ್ ಆಗಿ ನಿಲ್ಲಬಹುದು, ದೀಪ ಹಿಡಿಯಬಹುದು. ಆದರೆ ನಿರ್ಧಾರ, ಚಿತ್ರೀಕರಣ, ಬರವಣಿಗೆ, ಸಂಕಲನ ಎಲ್ಲವೂ ಅಭ್ಯರ್ಥಿಯದ್ದೇ ಆಗಿರಬೇಕು. ಯಾರು ಯಾವ ಸಹಾಯ ಮಾಡಿದರು ಎಂಬುದನ್ನು ಕವರ್ ಶೀಟ್‌ನಲ್ಲಿ ಬರೆದುಕೊಡಬೇಕು.

ಪರೀಕ್ಷೆ ನಡೆಸುವ ಬೋರ್ಡ್‌ಗಳು ವಿಡಿಯೊ, ವೆಬ್‌ಸೈಟ್, ಸಿನಿಮಾ ಪ್ರಚಾರ, ಪತ್ರಿಕೆ ಎಂದು ಹಲವು ಆಯ್ಕೆ ಕೊಡುತ್ತವೆ. ಒಬ್ಬರೇ ಕೂತು ಮುಗಿಸಬಹುದಾದದ್ದು ಮತ್ತು ತಪ್ಪಿದ್ದನ್ನು ತಿದ್ದಲು ಸುಲಭವಾದದ್ದು ಪತ್ರಿಕೆ, ಅಂದರೆ ಒಂದು ಮುಖಪುಟ ಮತ್ತು ಎರಡು ಪುಟಕ್ಕೆ ಹರಡಿದ ಒಂದು ಲೇಖನ. ಇಲ್ಲಿ ಅದನ್ನೇ ಹಿಡಿದು ನೋಡೋಣ.

ಏನು ತಯಾರಿಸಬೇಕೆಂದು ಬೋರ್ಡ್ ಕೊಡುವ ಸೂಚನಾಪತ್ರವೇ ಬ್ರೀಫ್. ಅದು ಪ್ರತಿ ವರ್ಷ ಬದಲಾಗುತ್ತದೆ. ಕೆಲವು ಬೋರ್ಡ್‌ಗಳು ಪರೀಕ್ಷೆಯ ಹಿಂದಿನ ವರ್ಷದ ಮಾರ್ಚ್ 1ರಂದೇ ಅದನ್ನು ಬಿಡುಗಡೆ ಮಾಡುತ್ತವೆ. ಯಾವ ಬಗೆಯ ಪತ್ರಿಕೆ, ಓದುಗರ ವಯಸ್ಸೇನು, ಪ್ರಕಾಶಕರು ಎಂಥವರು, ಎಷ್ಟು ಸ್ವಂತ ಫೋಟೊ ಬೇಕು, ಮುಖಪುಟದಲ್ಲಿ ಏನೇನು ಇರಲೇಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಹೆಚ್ಚಿನ ಮಕ್ಕಳು ಅದನ್ನು ಒಮ್ಮೆ ಓದಿ ಮಡಚಿಟ್ಟು, ನೇರ ಕ್ಯಾನ್ವಾ ಎಂಬ ವಿನ್ಯಾಸ ತಂತ್ರಾಂಶ ತೆರೆಯುತ್ತಾರೆ. ಅಂಕ ಸೋರಿಹೋಗುವುದು ಅಲ್ಲಿಂದಲೇ. ಬ್ರೀಫಿನ ಒಂದೊಂದು ಬೇಡಿಕೆಯನ್ನೂ ಒಂದೊಂದು ಸಾಲಿಗೆ ಇಳಿಸಿ, ಎದುರಿಗೆ ‘ಯಾವ ಪುಟ, ಪುಟದ ಯಾವ ಜಾಗ’ ಎಂದು ಬರೆದುಕೊಳ್ಳಬೇಕು. ಎದುರಿನ ಕಾಲಂ ಖಾಲಿ ಉಳಿದ ಬೇಡಿಕೆ ಕೊನೆಗೂ ಪುಟಕ್ಕೆ ಬರುವುದಿಲ್ಲ. ಎಷ್ಟೇ ಚೆಂದದ ವಿನ್ಯಾಸವಾದರೂ ಕೇಳಿದ್ದು ಪುಟದಲ್ಲಿ ಕಾಣದಿದ್ದರೆ ಶಿಕ್ಷಕರಾಗಲಿ, ಅವರು ಕೊಟ್ಟ ಅಂಕ ಪರಿಶೀಲಿಸುವ ಮಾಡರೇಟರ್ ಆಗಲಿ ಏನೂ ಮಾಡಲಾರರು.

ಮುಂದಿನದು ಸ್ಟೇಟ್‌ಮೆಂಟ್. ಉತ್ಪನ್ನ ತಯಾರಿಸುವ ಮೊದಲೇ ಬರೆದು, ಕೆಲಸದ ಜೊತೆ ಕೊಡಲೇಬೇಕಾದ ಉದ್ದೇಶಪತ್ರ ಇದು. ಬೋರ್ಡ್ ಯಾವುದೆಂಬುದರ ಮೇಲೆ 250ರಿಂದ 300 ಪದದ ಆಸುಪಾಸು. ಮಾಧ್ಯಮ ಭಾಷೆ, ಪ್ರತಿನಿಧಾನ (ಜನರನ್ನು ಮಾಧ್ಯಮ ತೋರಿಸುವ ಬಗೆ), ಉದ್ಯಮ, ಓದುಗ ವರ್ಗ ಎಂಬ ನಾಲ್ಕು ಕಂಬಗಳನ್ನು ತರಗತಿಯಲ್ಲಿ ಕಲಿತದ್ದು ಇಲ್ಲಿ ಕೆಲಸಕ್ಕೆ ಬರಬೇಕು. ‘ಹದಿಹರೆಯದವರಿಗೆ ಇಷ್ಟವಾಗುವ ಗಾಢ ಬಣ್ಣ ಬಳಸುತ್ತೇನೆ’ ಎಂದು ಬರೆದರೆ ಯಾರಿಗೂ ಏನೂ ಹೇಳಿದಂತಾಗಲಿಲ್ಲ. ‘ಮುಖಪುಟದ ಹುಡುಗಿ ಗೋಲ್‌ಕೀಪರ್ ಗ್ಲೌಸ್ ತೊಟ್ಟು ನೇರ ಕ್ಯಾಮೆರಾ ನೋಡುತ್ತಾಳೆ, ನಗುವುದಿಲ್ಲ, ಸೊಂಟದವರೆಗಿನ ಶಾಟ್, ಹುಡುಗಿಯರ ಕ್ರೀಡಾ ಫೋಟೊಗಳಲ್ಲಿ ಕಾಣುವ ನಗುಮುಖದ ಪೋಸನ್ನು ಬೇಕೆಂದೇ ಬಿಟ್ಟಿದ್ದೇನೆ’ ಎಂದರೆ ಪ್ರತಿನಿಧಾನದ ಬಗ್ಗೆ ಒಂದು ನಿರ್ಧಾರ ಕಾಣುತ್ತದೆ. ಅದು ಪುಟದಲ್ಲಿದೆಯೇ ಎಂದು ಪರೀಕ್ಷಿಸಲೂಬಹುದು. ಹೀಗೆ ಪರೀಕ್ಷಿಸಲಾಗದ ವಾಕ್ಯ ಸ್ಟೇಟ್‌ಮೆಂಟ್‌ನಲ್ಲಿ ಬೇಡ.

ನಮ್ಮ ಮಕ್ಕಳ ವಿಷಯದಲ್ಲಿ ಇಲ್ಲೊಂದು ಮಾತು. ಭಾರತೀಯ ಮೂಲದ ಹುಡುಗಿಯನ್ನು ಮುಖಪುಟಕ್ಕೆ ತಂದ ಕೂಡಲೇ ಮೆಹಂದಿ, ರೇಷ್ಮೆ, ಹೋಳಿ ಬಣ್ಣ ಬಂದುಬಿಡುತ್ತವೆ. ಬ್ರೀಫ್ ಬೇಕಿಂಗ್ ಪತ್ರಿಕೆ ಕೇಳಿದ್ದರೂ ಅಷ್ಟೇ. ಹಿಟ್ಟು ಮೆತ್ತಿದ ಏಪ್ರನ್‌ನಲ್ಲಿ ಅವಳನ್ನು ನಿಲ್ಲಿಸಿದರೆ ಪ್ರತಿನಿಧಾನದ ಬಗ್ಗೆ ಹೇಳಲು ಹೆಚ್ಚು ಮಾತು ಸಿಗುತ್ತದೆ. ಶೀರ್ಷಿಕೆಯಲ್ಲೋ ಫೋಟೊದೊಳಗಿನ ಫಲಕದಲ್ಲೋ ಒಂದೆರಡು ಕನ್ನಡ ಪದ ಸೇರಿಸುವ ಆಸೆ ಇದ್ದರೆ ಸೇರಿಸಲಿ. ಆದರೆ ಫೋಟೊಶಾಪ್, ಇನ್‌ಡಿಸೈನ್‌ಗಳಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆನ್ ಮಾಡದಿದ್ದರೆ ಒತ್ತಕ್ಷರ ಒಡೆದು, ಅರ್ಧ ಅಕ್ಷರ ಪಕ್ಕಕ್ಕೆ ಬಂದು ಕೂರುತ್ತದೆ. ಫಾಂಟ್ ಯೂನಿಕೋಡ್‌ನದ್ದೇ ಇರಲಿ. ನೋಟೊ ಸಾನ್ಸ್ ಕನ್ನಡ ಉಚಿತವಾಗಿಯೇ ಸಿಗುತ್ತದೆ.

ಈಗ ಫೋಟೊ. ಇಡೀ ಯೋಜನೆಯ ಕ್ಯಾಲೆಂಡರನ್ನು ಇಲ್ಲಿಂದ ಹಿಂದಕ್ಕೆ ಎಣಿಸಬೇಕು. ಶಾಲೆಗಳು ಸಾಮಾನ್ಯವಾಗಿ ಈ ಕೆಲಸವನ್ನು ಇಯರ್ 10ರ ಕೊನೆಯಲ್ಲೋ ಪರೀಕ್ಷೆಯ ವರ್ಷವಾದ ಇಯರ್ 11ರ ಶುರುವಿನಲ್ಲೋ ಇಟ್ಟುಕೊಳ್ಳುತ್ತವೆ. ಶಾಲೆಯ ಒಳಗಿನ ಗಡುವು ಚಳಿಗಾಲಕ್ಕೆ ಬೀಳುತ್ತದೆ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಡಿಸೆಂಬರ್ ನಡುವಿನಲ್ಲಿ ಲಂಡನ್ನಿನಲ್ಲಿ ಸೂರ್ಯ ಮುಳುಗುವುದು ನಾಲ್ಕು ಗಂಟೆಗೂ ಮುಂಚೆ. ಮೂರೂಕಾಲಿಗೆ ಶಾಲೆ ಬಿಟ್ಟು ಮನೆಗೆ ಬಂದು ಮಾಡೆಲ್ ಸಿದ್ಧವಾಗುವಷ್ಟರಲ್ಲಿ ಬೆಳಕೇ ಇರುವುದಿಲ್ಲ. ಟ್ಯೂಬ್‌ಲೈಟಿನ ಕೆಳಗೆ ತೆಗೆದ ಹಸಿರು ಛಾಯೆಯ ಮುಖ, ಗೋಡೆಯ ಮೇಲೆ ಫ್ಲ್ಯಾಶಿನ ಗಟ್ಟಿ ನೆರಳು ಇರುವ ಮುಖಪುಟಗಳ ಹಿಂದೆ ಇರುವುದು ಕೆಟ್ಟ ಕ್ಯಾಮೆರಾ ಅಲ್ಲ, ತಪ್ಪಿದ ದಿನಾಂಕ. ಸೆಪ್ಟೆಂಬರ್‌ನಲ್ಲೋ ಅಕ್ಟೋಬರ್ ರಜೆಯಲ್ಲೋ ಫೋಟೊ ಮುಗಿಸಿದರೆ ಉಳಿದದ್ದನ್ನು ಕತ್ತಲಲ್ಲೂ ಮಾಡಬಹುದು.

ಫೋನ್ ಸಾಕು. 12 ಮೆಗಾಪಿಕ್ಸೆಲ್ ಫೋನು ನಿಲುವಾಗಿ 3024×4032 ಪಿಕ್ಸೆಲ್ ಕೊಡುತ್ತದೆ. ಎ4 ಪುಟ 210×297 ಮಿ.ಮೀ. ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸಿಹೋಗುವ ಹೆಚ್ಚುವರಿ ಅಂಚು) ಸೇರಿಸಿ ಇಂಚಿಗೆ 300 ಚುಕ್ಕಿಯ ಲೆಕ್ಕ ಹಾಕಿದರೆ ಬೇಕಾಗುವುದು 2551×3579. ಅಂದರೆ ಪುಟ ತುಂಬಿ ಸ್ವಲ್ಪ ಉಳಿಯುತ್ತದೆ. ಆದರೆ ಅದೇ ಫೋಟೊವನ್ನು ಮಾಡೆಲ್‌ನ ಫೋನಿನಿಂದ ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಂತೆ ತರಿಸಿಕೊಂಡರೆ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಕುಗ್ಗುತ್ತದೆ. ಎ4ನಲ್ಲಿ ಅದು ಇಂಚಿಗೆ 137 ಚುಕ್ಕಿ ಮಾತ್ರ. ಪರದೆಯ ಮೇಲೆ ತಿಳಿಯುವುದಿಲ್ಲ, ಪ್ರಿಂಟ್ ತೆಗೆದಾಗ ರೆಪ್ಪೆಯ ಕೂದಲು ಕಲಸಿಹೋಗಿರುತ್ತದೆ. ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಬೇಕು, ಇಲ್ಲವೇ ಕೇಬಲ್ ಹಾಕಿ ಇಳಿಸಿಕೊಳ್ಳಬೇಕು.

ಲೆನ್ಸ್ 1 ಎಕ್ಸ್ ಅಥವಾ 2 ಎಕ್ಸ್ ಇರಲಿ. 0.5 ಎಕ್ಸ್‌ನಲ್ಲಿ ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿಯುತ್ತದೆ. ಪೋರ್ಟ್ರೇಟ್ ಮೋಡ್ ಬೇಡ. ಅದು ಕೂದಲಿನ ಅಂಚನ್ನು ತಪ್ಪಾಗಿ ಕತ್ತರಿಸಿ ಮಸುಕು ಮಾಡುತ್ತದೆ, ಮುಂದೆ ಹಿನ್ನೆಲೆ ತೆಗೆಯುವಾಗ ಆ ಅಂಚು ಸರಿಹೋಗುವುದಿಲ್ಲ. ದೊಡ್ಡ ಕಿಟಕಿಯಿಂದ ಒಂದು ಮೀಟರ್ ದೂರದಲ್ಲಿ ಮಾಡೆಲ್ ಓರೆಯಾಗಿ ನಿಲ್ಲಲಿ, ಕಿಟಕಿಯ ಎದುರು ಬದಿಯಲ್ಲಿ ಬಿಳಿ ಚಾರ್ಟ್ ಪೇಪರ್ ಹಿಡಿಯಿರಿ, ಹಿಂದಿನ ಗೋಡೆ ಒಂದೂವರೆ ಮೀಟರ್ ದೂರ ಇರಲಿ. ಕೋಣೆಯ ದೀಪ ಆರಿಸಿ. ಕಿಟಕಿಯ ನೀಲಿ ಮತ್ತು ಬಲ್ಬಿನ ಹಳದಿ ಒಟ್ಟಿಗೆ ಬಿದ್ದ ಮುಖವನ್ನು ಯಾವ ತಂತ್ರಾಂಶವೂ ಚೆನ್ನಾಗಿ ಸರಿಪಡಿಸುವುದಿಲ್ಲ.

ಮುಖಪುಟದ ಫೋಟೊ ತೆಗೆಯುವಾಗಲೇ ಮಾಸ್ಟ್‌ಹೆಡ್‌ಗೆ, ಅಂದರೆ ಪತ್ರಿಕೆಯ ಹೆಸರಿಗೆ, ಮೇಲಿನ ಐದನೇ ಒಂದು ಭಾಗ ಖಾಲಿ ಬಿಡಬೇಕು. ಒಳಗಿನ ಲೇಖನಗಳನ್ನು ಸಾರುವ ಕವರ್‌ಲೈನ್‌ಗಳಿಗೆ ಒಂದು ಬದಿಯಲ್ಲಿ ಮೂರನೇ ಒಂದು ಭಾಗ ಬರಿದಾಗಿರಲಿ. ಹಾಗೆ ಮಾಡದೆ ಚೌಕಟ್ಟು ತುಂಬ ಮುಖ ಹಿಡಿದವರು ಆಮೇಲೆ ಗಲ್ಲದ ಮೇಲೆ ಅಕ್ಷರ ಅಂಟಿಸುತ್ತಾರೆ. ಲೇಔಟ್ ಮೊದಲು ಮಾಡಿ ಫೋಟೊ ಆಮೇಲೆ ತುರುಕಿದಾಗಲೂ ಆಗುವುದು ಇದೇ. ಒಳಪುಟಕ್ಕೆ ಬೇರೆ ಜಾಗ, ಬೇರೆ ಉಡುಪು, ಬೇರೆ ದೂರದ ಶಾಟ್‌ಗಳು ಬೇಕು. ಒಂದೇ ಸೋಫಾದ ಮೇಲೆ ಐದು ನಿಮಿಷದಲ್ಲಿ ತೆಗೆದ ಐದು ಚಿತ್ರ ಎಂಬುದು ನೋಡಿದ ತಕ್ಷಣ ಗೊತ್ತಾಗುತ್ತದೆ.

ಮುಖಪುಟದ ಸಣ್ಣ ವಿವರಗಳನ್ನು ಬಹಳ ಮಂದಿ ಅಲಂಕಾರ ಎಂದುಕೊಂಡಿರುತ್ತಾರೆ. ಉದ್ಯಮದ ಅರಿವು ತೋರಿಸಲು ಇರುವ ಜಾಗವೇ ಅದು. ಬಾರ್‌ಕೋಡನ್ನೇ ನೋಡಿ. ಪತ್ರಿಕೆಗಳ ಬಾರ್‌ಕೋಡ್ 977ರಿಂದ ಶುರುವಾಗುತ್ತದೆ, ಪಕ್ಕದಲ್ಲಿ ಸಂಚಿಕೆ ಸೂಚಿಸುವ ಪುಟ್ಟ ತುಂಡು ಕೋಡ್ ಇರುತ್ತದೆ. ಅಂತರ್ಜಾಲದಿಂದ ಎತ್ತಿ ಅಂಟಿಸಿದ್ದು ಎಷ್ಟೋ ಸಲ 978ರಿಂದ ಶುರುವಾಗುವ ಪುಸ್ತಕದ ಬಾರ್‌ಕೋಡ್ ಆಗಿರುತ್ತದೆ. ಬೆಲೆ, ತಿಂಗಳು, ಸಂಚಿಕೆ ಸಂಖ್ಯೆ, ವೆಬ್ ವಿಳಾಸ ಒಂದಕ್ಕೊಂದು ಹೊಂದಬೇಕು. ಬಾವರ್, ಹರ್ಸ್ಟ್, ಇಮ್ಮೀಡಿಯಟ್‌ನಂಥ ದೊಡ್ಡ ಪ್ರಕಾಶಕರ ಪತ್ರಿಕೆ ಎಂದು ಬ್ರೀಫ್ ಸೂಚಿಸಿದ್ದರೆ ಸೂಪರ್‌ಮಾರ್ಕೆಟ್ ಶೆಲ್ಫಿನಲ್ಲಿ ಅದೇ ಬಗೆಯ ಮೂರು ಪತ್ರಿಕೆ ಎತ್ತಿ ಬೆಲೆ ನೋಡಿ ಬರಲಿ. ಮುಖಪುಟಕ್ಕೆ ಎರಡು ಫಾಂಟ್ ಕುಟುಂಬ, ಮೂರು ಬಣ್ಣ ಸಾಕು. ಮಾಡೆಲ್‌ನ ಬಟ್ಟೆಯಿಂದಲೇ ಒಂದು ಬಣ್ಣ ಎತ್ತಿಕೊಂಡರೆ ಪುಟ ತಾನಾಗಿ ಕೂಡಿಕೊಳ್ಳುತ್ತದೆ.

ಒಳಪುಟಗಳಲ್ಲಿ ಎಲ್ಲರೂ ಎಡವುವುದು ಅಕ್ಷರದ ಅಳತೆಯಲ್ಲಿ. ಒಂದು ಲೆಕ್ಕ ಮಾಡಿ ನೋಡೋಣ. ಅಂಚು 15 ಮಿ.ಮೀ., ಒಂದು ಪುಟಕ್ಕೆ ಮೂರು ಕಾಲಂ, ನಡುವೆ 5 ಮಿ.ಮೀ. ಬಿಟ್ಟರೆ ಪ್ರತಿ ಕಾಲಂ ಸುಮಾರು 57 ಮಿ.ಮೀ. ಅಗಲ. 9.5 ಪಾಯಿಂಟ್ ಅಕ್ಷರ, 12 ಪಾಯಿಂಟ್ ಸಾಲಿನ ಅಂತರದಲ್ಲಿ ಒಂದು ಸಾಲಿಗೆ ಆರೇಳು ಇಂಗ್ಲಿಷ್ ಪದ ಹಿಡಿಯುತ್ತದೆ. 500 ಪದದ ಲೇಖನ 77 ಸಾಲಾಯಿತು, ಕಾಲಂಗೆ 26 ಸಾಲು, ಎತ್ತರ 11 ಸೆಂ.ಮೀ. ಅಷ್ಟೇ. ಇಡೀ ಲೇಖನ ಬಲಪುಟದ ಅರ್ಧವನ್ನೂ ತುಂಬುವುದಿಲ್ಲ! ‘ಎರಡು ಪುಟ ತುಂಬಬೇಕಲ್ಲ’ ಎಂಬ ಗಾಬರಿಯಲ್ಲಿ ಮಕ್ಕಳು ಅಕ್ಷರವನ್ನು 14 ಪಾಯಿಂಟ್‌ಗೆ ಏರಿಸುತ್ತಾರೆ. ಪರದೆಯಲ್ಲಿ ಅರ್ಧ ಗಾತ್ರದಲ್ಲಿ ನೋಡುವಾಗ ಅದು ಸರಿಯಾಗಿಯೇ ಕಾಣುತ್ತದೆ, ಕಾಗದಕ್ಕೆ ಬಂದರೆ ಒಂದನೇ ತರಗತಿಯ ಪಠ್ಯಪುಸ್ತಕ. ಉಳಿದ ಜಾಗವನ್ನು ತುಂಬಬೇಕಾದದ್ದು ಎಡಪುಟದ ಇಡೀ ಫೋಟೊ, ದೊಡ್ಡ ಶೀರ್ಷಿಕೆ, ಎರಡು ಮೂರು ಸಾಲಿನ ಸ್ಟ್ಯಾಂಡ್‌ಫಸ್ಟ್ (ಶೀರ್ಷಿಕೆಯ ಕೆಳಗಿನ ಪೀಠಿಕೆ), ಲೇಖನದಿಂದ ಎತ್ತಿ ದೊಡ್ಡಕ್ಷರದಲ್ಲಿ ಹಾಕಿದ ಒಂದು ಪುಲ್‌ಕೋಟ್, ಬೈಲೈನ್ (ಬರೆದವರ ಹೆಸರು), ಫೋಟೊ ಅಡಿಬರಹ, ಪುಟಸಂಖ್ಯೆ. ಎರಡೂ ಪುಟ ಸೇರಿ 420×297 ಮಿ.ಮೀ. ಆಗುತ್ತದೆ. ನಡುಮಡಿಕೆಯ ಎರಡೂ ಬದಿ 10 ಮಿ.ಮೀ. ಒಳಗೆ ಮುಖವೂ ಬೇಡ, ಅಕ್ಷರವೂ ಬೇಡ.

ಒಂದು ಸಲವಾದರೂ ಶೇ 100 ಗಾತ್ರದಲ್ಲಿ ಪ್ರಿಂಟ್ ತೆಗೆದು, ಅಂಗಡಿಯಿಂದ ತಂದ ಪತ್ರಿಕೆಯ ಪಕ್ಕ ಇಟ್ಟು ನೋಡಬೇಕು. ಬರಿಗಣ್ಣಿಗೆ ಕಾಣುವ ವ್ಯತ್ಯಾಸಗಳನ್ನು ಬರೆದುಕೊಂಡರೆ ತಿದ್ದುಪಡಿಯ ಪಟ್ಟಿ ಸಿದ್ಧ.

ಅಪ್ಪ ಐಟಿಯಲ್ಲಿದ್ದಾರೆ, ಫೋಟೊಶಾಪ್ ಬಲ್ಲರು ಎನ್ನುವ ಮನೆಗಳಿಗೆ ಒಂದು ಎಚ್ಚರಿಕೆ. ಫೈಲ್ ಮೇಲೆ ಕೈಯಾಡಿಸಬೇಡಿ. ಇದು ತನ್ನದೇ ಕೆಲಸ ಎಂದು ವಿದ್ಯಾರ್ಥಿ ಸಹಿ ಮಾಡಬೇಕು, ಶಿಕ್ಷಕರೂ ಅದನ್ನು ದೃಢೀಕರಿಸಬೇಕು. ತರಗತಿಯಲ್ಲಿ ಕಂಡ ಕೈಚಳಕಕ್ಕೂ ಮನೆಯಿಂದ ಬಂದದ್ದಕ್ಕೂ ತಾಳೆಯಾಗದಿದ್ದರೆ ಪ್ರಶ್ನೆ ಏಳುತ್ತದೆ. ರೆಡಿಮೇಡ್ ಟೆಂಪ್ಲೇಟಿಗೂ ಇದೇ ಮಾತು. ಚೌಕಟ್ಟು, ಬಣ್ಣ, ಫಾಂಟ್ ಎಲ್ಲ ಬೇರೆಯವರು ಆರಿಸಿದ್ದಾದರೆ ಅಂಕ ಕೊಡಲು ಅಭ್ಯರ್ಥಿಯದ್ದೆಂದು ಏನು ಉಳಿಯಿತು? ಎಐ ಬಿಡಿಸಿದ ಚಿತ್ರ ಸ್ವಂತ ಫೋಟೊದ ಲೆಕ್ಕಕ್ಕೆ ಬರುವುದಿಲ್ಲ. ಎಐ ಬಳಸಿಯೂ ಹೇಳದಿರುವುದನ್ನು ಬೋರ್ಡ್‌ಗಳು ಪರೀಕ್ಷಾ ಅಕ್ರಮವೆಂದೇ ನೋಡುತ್ತವೆ. ಮನೆಯವರು ಮಾಡಬಹುದಾದದ್ದು ಬೇರೆ ಇದೆ: ಕಾರಿನಲ್ಲಿ ಲೊಕೇಶನ್‌ಗೆ ಕರೆದೊಯ್ಯಿರಿ, ಚಾರ್ಟ್ ಪೇಪರ್ ಹಿಡಿಯಿರಿ, ಮಾಡೆಲ್ ಆಗುವ ಮಗುವಿನ ಪೋಷಕರಿಂದ ಒಪ್ಪಿಗೆ ಬರೆಸಿಕೊಳ್ಳಿ.

ಶಿಕ್ಷಕರು ಡ್ರಾಫ್ಟ್ ನೋಡಿ ಸಾಮಾನ್ಯ ಸಲಹೆ ಕೊಡಬಹುದೇ ಹೊರತು ಇಲ್ಲಿ ಇದನ್ನು ಹೀಗೆ ತಿದ್ದು ಎಂದು ಕೈಹಿಡಿದು ಬರೆಸುವಂತಿಲ್ಲ. ಆದ್ದರಿಂದ ಡ್ರಾಫ್ಟ್ ತೋರಿಸುವಾಗ ಅದು ಮುಕ್ಕಾಲು ಪಾಲಾದರೂ ಮುಗಿದಿರಲಿ. ಖಾಲಿ ಚೌಕಗಳ ಪುಟಕ್ಕೆ ಸಿಗುವ ಸಲಹೆಯೂ ಖಾಲಿಯೇ. ಮೂಲ ಫೈಲ್ ಶಾಲೆಯ ಡ್ರೈವ್‌ನಲ್ಲಿ ಒಂದು, ಮನೆಯಲ್ಲಿ ಒಂದು ಇರಲಿ. ಹೆಸರಿನಲ್ಲಿ ‘ಫೈನಲ್ ಫೈನಲ್ 2’ ಬೇಡ, ದಿನಾಂಕ ಹಾಕಿ.

ಕೊನೆಯ ಪಿಡಿಎಫ್ ಮಾಡುವಾಗ ಫಾಂಟ್‌ಗಳು ಫೈಲಿನೊಳಗೇ ಎಂಬೆಡ್ ಆಗಿವೆಯೇ, ಒಳಪುಟಗಳು ಎರಡಾಗಿ ತುಂಡಾಗದೆ ಅಕ್ಕಪಕ್ಕದ ಒಂದೇ ಸ್ಪ್ರೆಡ್ ಆಗಿಯೇ ಬಂದಿವೆಯೇ ಎಂದು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಶಾಲೆ ಅಂಕಗಳನ್ನು ಬೋರ್ಡ್‌ಗೆ ಕಳಿಸುವುದು ಮೇ ತಿಂಗಳಲ್ಲಿ. ಅದಕ್ಕೂ ಮುಂಚೆ ವಿದ್ಯಾರ್ಥಿಗೆ ತನ್ನ ಅಂಕ ತಿಳಿಸಲೇಬೇಕು. ಒಪ್ಪಿಗೆಯಾಗದಿದ್ದರೆ ಶಾಲೆಯೊಳಗೇ ಮರುಪರಿಶೀಲನೆ ಕೇಳುವ ಹಕ್ಕಿದೆ. ಅದಕ್ಕೆ ಶಾಲೆ ಕೊಡುವ ಗಡುವು ಕೆಲವೇ ದಿನಗಳದ್ದಾದ್ದರಿಂದ ಅಂಕ ಕೈಗೆ ಬಂದ ದಿನವೇ ಮಾರ್ಕಿಂಗ್ ಗ್ರಿಡ್ (ಯಾವುದಕ್ಕೆ ಎಷ್ಟು ಅಂಕ ಎಂಬ ಕೋಷ್ಟಕ) ತರಿಸಿಕೊಂಡು, ಪಕ್ಕದಲ್ಲಿ ಆ ಮೊದಲಿನ ಬ್ರೀಫ್ ಪಟ್ಟಿಯನ್ನೂ ಇಟ್ಟುಕೊಂಡು ಕೂರಿ.